ಕುಲುಮೆಯ ಕೋಣೆಯಲ್ಲಿ ಒಡೆದ ಲೋಟ

ಗುರುವಾರ ಮಧ್ಯಾಹ್ನ ಮೂರೂವರೆಗೆ ನನ್ನ ಮಗಳು ಫೋನ್ ಮಾಡಿ, "ಅಪ್ಪ, ನಾನು ಮೇಷ್ಟ್ರನ್ನ ಕೊಂದುಬಿಟ್ಟೆ ಅನ್ಸುತ್ತೆ" ಎಂದಳು. ಆಮೇಲೆ ಅವಳ ಉಸಿರಾಟ ಮಾತ್ರ ಕೇಳುತ್ತಿತ್ತು.

ನಾನು ಧೈರ್ಯವಂತನಲ್ಲ. ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಒಂದು ಒತ್ತಕ್ಷರ ಕಣ್ತಪ್ಪಿ ಹೋದರೂ ಎರಡು ದಿನ ಊಟ ಸೇರದ ಮನುಷ್ಯ. ಚಪ್ಪಲಿಯನ್ನು ಅದಲುಬದಲು ಮೆಟ್ಟಿಕೊಂಡು ನಾನು ಓಡಿದ್ದು ಅಕ್ಕನ ಮನೆಗೆ. ನನ್ನ ಭಾವ ಮೂವತ್ತು ವರ್ಷ ಬಾಯ್ಲರ್ ತಪಾಸಣೆ ಮಾಡಿ ನಿವೃತ್ತರಾದವರು. ಒಡೆದ ಬಾಯ್ಲರಿನ ಚೂರು ನೋಡಿ ತಪ್ಪು ಯಾರದೆಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ಮೇಲೆ ಕಳುವು, ವಂಚನೆ, ಎರಡು ಕೊಲೆಗಳನ್ನೂ ಅದೇ ಕಣ್ಣಿನಿಂದ ಬಿಡಿಸಿಟ್ಟಿದ್ದರು. ಊರಿನವರ ಬಾಯಲ್ಲಿ ಅವರು ಬಾಯ್ಲರ್ ಸಾಹೇಬರು. ಅವರ ಕೈಚೀಲ ಹಿಡಿದು ಹಿಂದೆ ಹಿಂದೆ ಹೋಗುತ್ತಿದ್ದವನು ನಾನು. ಅವತ್ತು ಮಾತ್ರ ಚೀಲವನ್ನು ಅವರೇ ಹಿಡಿದುಕೊಂಡರು.

ಮಗಳು ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರ ಊರಾಚೆಯ ಗುಂಡು ಸರೋವರದ ಅಂಚಿನಲ್ಲಿತ್ತು. ಅದೂ ಜ್ವಾಲಾಮುಖಿಯೇ ಎಂದು ಅವಳು ಹೇಳಿದಾಗ ನಾನು ನಕ್ಕಿದ್ದೆ, ಅಲ್ಲಿ ಬೆಟ್ಟವೇ ಇಲ್ಲವಲ್ಲ ಎಂದು. "ಬೆಟ್ಟ ಇರಲ್ಲಪ್ಪ. ಕೆಳಗಿಂದ ಕರಗಿದ ಕಲ್ಲು ಮೇಲೆ ಬರ್ತಾ ಅಂತರ್ಜಲ ಸಿಕ್ಕಿ ಸಿಡಿಯುತ್ತೆ, ನೆಲಾನೇ ಹಾರಿಹೋಗಿ ಗುಂಡಿ ಉಳಿಯುತ್ತೆ. ಇದಕ್ಕೆ ಮಾರ್ ಅಂತಾರೆ" ಎಂದಿದ್ದಳು. ಅಂಥ ಸಿಡಿತವನ್ನು ಪುಟ್ಟದಾಗಿ ಕೋಣೆಯೊಳಗೆ ಮಾಡಿ ಅಳೆಯುವುದೇ ಅವಳ ಮೇಷ್ಟ್ರ ಕೆಲಸ. ಅವರ ಅಂಗಿಯ ಮೇಲೆ ಸದಾ ಬೂದಿ ಇರುತ್ತಿತ್ತಾದ್ದರಿಂದ ಎಲ್ಲರೂ ಅವರನ್ನು ಬೂದಿ ಮೇಷ್ಟ್ರು ಎನ್ನುತ್ತಿದ್ದರು.

ನಾವು ಹೋಗುವ ಹೊತ್ತಿಗೆ ಅವರ ದೇಹವನ್ನು ಸಾಗಿಸಿಯಾಗಿತ್ತು. ಅವರ ಒಂದು ಬೂಟು ಮಾತ್ರ ಬಾಗಿಲ ಬಳಿ ನೆಟ್ಟಗೆ ನಿಂತಿತ್ತು. ಕೋಣೆಯ ಗೋಡೆ, ಮೇಜು, ಚಾವಣಿ ಎಲ್ಲಕ್ಕೂ ಕರಿಯ ಗಾಜಿನಂಥ ಪುಡಿ ಮೆತ್ತಿತ್ತು. ಕಾಲಿಟ್ಟರೆ ಕರಕರ ಎನ್ನುತ್ತಿತ್ತು. ಸುಟ್ಟ ಕಬ್ಬಿಣದ ವಾಸನೆ ಇನ್ನೂ ಹೋಗಿರಲಿಲ್ಲ. ಇದೇ ಕೋಣೆಯಲ್ಲಿ ನನ್ನ ಮಗಳು ಮೂರು ವರ್ಷ ನಿಂತಿದ್ದಳು ಎಂಬುದನ್ನು ನೆನೆದು ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ.

"ಇದನ್ನ ನೋಡಿ" ಎಂದು ಪೊಲೀಸ್ ಇನ್‌ಸ್ಪೆಕ್ಟರ್ ಕುಲುಮೆಯ ಬುಡ ತೋರಿಸಿದರು. ನೆಲದ ಮೇಲೆ ಗಾಜಿನ ಲೋಟವೊಂದು ಒಡೆದು ಬಿದ್ದಿತ್ತು. ಚೂರುಗಳು ಬೆಳಕಿಗೆ ಫಳಫಳ ಹೊಳೆಯುತ್ತಿದ್ದವು. "ನಿಮ್ಮ ಹುಡುಗಿಯ ಲೋಟ. ಅವಳೇ ಒಪ್ಪಿಕೊಂಡಿದಾಳೆ."

ಕೇಂದ್ರದ ಡೈರೆಕ್ಟರ್ ಹಣೆ ಒರೆಸಿಕೊಳ್ಳುತ್ತ ನಿಂತಿದ್ದರು. ಸಂಭಾವಿತ ಮನುಷ್ಯ, ಮೆಲುದನಿ. "ಬಾಗಿಲ ಮೇಲೇ ಬರೆಸಿದೀವಿ, ನೀರು ಒಳಗೆ ತರಬಾರದು ಅಂತ. ಕುದಿಯೋ ಕಲ್ಲಿನ ಮೇಲೆ ಒಂದು ಲೋಟ ನೀರು ಬಿದ್ರೆ ಸಾಕು, ಬಾಂಬೇ. ಸದ್ದು ಕೇಳಿ ಮೊದಲು ಒಳಗೆ ನುಗ್ಗಿದೋನು ನಾನು. ಮುಖಕ್ಕೆ ಬಟ್ಟೆ ಕಟ್ಕೊಂಡಿದ್ದೆ. ಫಿಟ್ಟರ್ ಗೋಡೆ ಹಿಂದೆ ಗ್ಯಾಸ್ ಬಂದ್ ಮಾಡ್ತಿದ್ದ. ಅವರು ಆಗಲೇ ಹೋಗಿಬಿಟ್ಟಿದ್ರು" ಎಂದರು. ಗೋಡೆಯ ಪಕ್ಕದಲ್ಲಿದ್ದ ಫಿಟ್ಟರ್, ಕುಲುಮೆ ನೋಡಿಕೊಳ್ಳುವ ಗಡ್ಡದವನು, ತನ್ನ ಬೂಟನ್ನೇ ನೋಡುತ್ತ ನಿಂತಿದ್ದ.

ಮಗಳು ಮೆಟ್ಟಿಲ ಮೇಲೆ ಮುದುಡಿ ಕುಳಿತಿದ್ದಳು. ಭಾವ ಅವಳ ಪಕ್ಕದಲ್ಲೇ ಕುಳಿತರು. "ಮೊದಲಿಂದ ಹೇಳು."

"ಮರಳನ್ನ ಓವನ್ನಲ್ಲಿ ಒಣಗಿಸಿ ತೂಕ ಮಾಡಿದೆ ಮಾವ. ಕರಗಿದ ಕಲ್ಲನ್ನ ಆ ಮರಳಿನ ತಟ್ಟೆ ಮೇಲೆ ಸುರೀತೀವಿ, ಅದಕ್ಕೇ ಒಂದು ತೊಟ್ಟೂ ತೇವ ಇರಬಾರದು. ತೂಕ ಬೋರ್ಡ್ ಮೇಲೆ ಬರೆದು, ತಟ್ಟೇನ ತೂಕದ ಕೋಣೇಲೇ ಬಿಟ್ಟು, ನನ್ನ ಮೇಜಿಗೆ ಹೋಗಿ ನೀರು ಕುಡೀತಿದ್ದೆ. ಡೈರೆಕ್ಟರ್ ಸಾರ್ ಫೋನ್ ಮಾಡಿ, ಲೈಬ್ರರಿ ಕಟ್ಟಡದಿಂದ ಒಂದು ನಕ್ಷೆ ತಗೊಂಬಾ ಅಂದ್ರು. ಕುಲುಮೆ ಕೋಣೆ ದಾಟ್ಕೊಂಡೇ ಓಡಿದೆ. ಲೋಟ ಕೈಯಲ್ಲಿತ್ತಾ, ಮೇಜಿನ ಮೇಲಿಟ್ನಾ, ಕುಲುಮೆ ಪಕ್ಕ ಇಟ್ನಾ, ನೆನಪೇ ಇಲ್ಲ."

"ಮೇಲಿಂದ ನೀರು ಬಿದ್ರೆ ಸಿಡಿಯುತ್ತಾ?"

ಅವಳು ತಡವರಿಸಿದಳು. "ಸಿಡಿಯಬಾರದು. ನೋಡಿದೀನಿ ಕೂಡ. ಆದ್ರೆ ಮೇಷ್ಟ್ರು ಹೋಗಿದಾರಲ್ಲ ಮಾವ. ಇನ್ನು ನನಗೆ ಗೊತ್ತಿರೋದನ್ನ ಹೇಗೆ ನಂಬಲಿ?"

ಭಾವ ಕೋಣೆಗೆ ಮರಳಿ ಚಾವಣಿಯಿಂದ ನೆಲದವರೆಗೆ ಅರ್ಧ ಗಂಟೆ ನೋಡಿದರು. ಮರಳಿನ ಉಕ್ಕಿನ ತಟ್ಟೆ ಸಿಡಿದು ಮೂಲೆಯಲ್ಲಿ ಬಿದ್ದಿತ್ತು. ಅದರ ತಳ ಕೆಳಮುಖವಾಗಿ, ಬಾಣಲೆಯ ಹಾಗೆ ಉಬ್ಬಿತ್ತು. ತಟ್ಟೆಯ ಸಂದಿಗಳಲ್ಲಿ ಬಿಳಿಯ ಪುಡಿ ಗಟ್ಟಿಯಾಗಿ ಕೂತಿತ್ತು. ಅದನ್ನು ಅವರು ಉಗುರಿನಿಂದ ಕೆರೆದು ಕಾಗದದಲ್ಲಿ ಕಟ್ಟಿಕೊಂಡರು.

ಪಕ್ಕದ್ದು ತೂಕದ ಕೋಣೆ. ಅದಕ್ಕೆ ಮೂರು ಬಾಗಿಲು: ಒಂದು ಕುಲುಮೆಗೆ, ಒಂದು ಪಡಸಾಲೆಗೆ, ಒಂದು ಡೈರೆಕ್ಟರ ಕೋಣೆಗೆ. ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ನಲ್ಲಿ, ಪಡಸಾಲೆಯ ಕೊನೆಯಲ್ಲಿ, ಫಿಟ್ಟರನ ಕೆಲಸದ ಬೆಂಚಿಗೆ ಎದುರಾಗಿ. ಡೈರೆಕ್ಟರ ಕೋಣೆಯ ಗಾಜಿನ ಬೀರುವಿನಲ್ಲಿ ಸರೋವರದ ನೀರು ತುಂಬಿದ ಹನ್ನೆರಡು ಬಾಟಲಿಗಳು ಸಾಲಾಗಿದ್ದವು. ಅವರ ಮೊದಲ ವಿಷಯ ಸರೋವರ. ಕುಲುಮೆಯ ಸಂಶೋಧನೆಗೆ ಆಮೇಲೆ ಬಂದವರು.

"ಸಿಡಿತಕ್ಕೆ ಮುಂಚೆ ನಲ್ಲಿ ಹತ್ರ ಯಾರಾದ್ರೂ ಬಂದಿದ್ರಾ?" ಎಂದು ಭಾವ ಫಿಟ್ಟರನನ್ನು ಕೇಳಿದರು.

"ಯಾರೂ ಇಲ್ಲ ಸಾರ್. ಊಟ ಆದ್ಮೇಲೆ ಮೂರರ ತನಕ ಅಲ್ಲೇ ಇದ್ದೆ. ಆಮೇಲೆ ತಟ್ಟೆ ಗಾಡೀನ ತಳ್ಕೊಂಡು ಹೋಗಿ ಕಲ್ಲು ಕರಗಿಸೋ ಮೂಸೆ ಕೆಳಗೆ ನಿಲ್ಲಿಸ್ದೆ. ಮೂಸೆ ಬಗ್ಗಿಸೋದು ಮೇಷ್ಟ್ರೇ. ನಾನು ಗೋಡೆ ಹಿಂದೆ ಗ್ಯಾಸಿನ ಹತ್ರ."

"ತಟ್ಟೆ ಭಾರ ಅನ್ನಿಸ್ತಾ? ಮರಳು ಒದ್ದೆ ಕಾಣಿಸ್ತಾ?"

"ಗಾಡಿ ತಳ್ಳೋನಿಗೆ ಭಾರ ಎಲ್ಲಿ ತಿಳಿಯುತ್ತೆ ಸಾರ್? ಮರಳೂ ಕರೀದು, ಇಲ್ಲಿನ ಬೂದಿ ಮರಳು. ಮೇಲೆ ಒಣಗೇ ಇತ್ತು."

ಆಮೇಲಿನ ಮೂರು ದಿನ ಮಗಳು ನೀರಿನ ಲೋಟ ಮುಟ್ಟಲೂ ಹೆದರುತ್ತಿದ್ದಳು, ಬೊಗಸೆಯಲ್ಲಿ ಕುಡಿಯುತ್ತಿದ್ದಳು. ಸೋಮವಾರ ಅವಳ ಮೇಲೆ ನಿರ್ಲಕ್ಷ್ಯದಿಂದಾದ ಸಾವಿನ ಮೊಕದ್ದಮೆ ದಾಖಲಾಗುವುದಿತ್ತು. ಜೈಲಿಗಿಂತ ನನಗೆ ಹೆಚ್ಚು ಭಯವಾಗಿದ್ದು ಅವಳ ಕಣ್ಣು ನೋಡಿ. ಉಳಿದ ಆಯುಷ್ಯವನ್ನೆಲ್ಲ ಈ ಹುಡುಗಿ ಆ ಲೋಟ ಎಲ್ಲಿಟ್ಟೆ ಎಂದು ಹುಡುಕುತ್ತಲೇ ಕಳೆಯುತ್ತಾಳೆ ಎನಿಸುತ್ತಿತ್ತು.

ಶನಿವಾರ ಭಾವ ಬಂದವರೇ, "ಆ ಕೇಂದ್ರದ ವರ್ಷದ ವರದಿ ನಿಮ್ಮಲ್ಲೇ ಅಚ್ಚಾಗೋದಲ್ವಾ? ಕರಡು ನೋಡಿದ್ದು ನೀನೇ ತಾನೆ?" ಎಂದರು.

"ಹೌದು ಭಾವ. ಡೈರೆಕ್ಟರ ಲೇಖನವೇ ಮೂವತ್ತು ಪುಟ. ಕರಗಿದ ಕಲ್ಲಿನ ಮೇಲೆ ನೀರು ಸುರಿದು ತಮ್ಮ ಕೈಯಾರೆ ಇಪ್ಪತ್ತು ಪ್ರಯೋಗ ಮಾಡಿದ್ದು, ದಿನಾಂಕದ ಸಮೇತ. ಮಳೆಗಾಲದ ಮೂರು ತಿಂಗಳು."

"ನಿನ್ನ ತಲೇಲಿ ಬೇಡದ್ದೆಲ್ಲ ಉಳಿಯುತ್ತೆ. ಒಳ್ಳೇದೇ ಆಯ್ತು" ಎಂದು ಅವರು ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಕುಲುಮೆಯ ಕೋಣೆಯಲ್ಲಿ ಸೇರಿದೆವು. ಇನ್‌ಸ್ಪೆಕ್ಟರ್, ಡೈರೆಕ್ಟರ್, ಫಿಟ್ಟರ್, ನಾನು, ನನ್ನ ಮಗಳು. ಕೋಣೆ ತೊಳೆದಿದ್ದರು, ಚಾವಣಿಯ ಕಪ್ಪು ಮಾತ್ರ ಹೋಗಿರಲಿಲ್ಲ. ನಡುವೆ ಚಿಕ್ಕ ಕುಲುಮೆಯಲ್ಲಿ ಅಂಗೈಯಗಲದ ಮೂಸೆಯೊಳಗೆ ಕಲ್ಲು ಕರಗಿ ಕೆಂಪಗೆ ಮಿಸುಕುತ್ತಿತ್ತು. ಎಂಟು ಹೆಜ್ಜೆ ದೂರಕ್ಕೂ ಅದರ ಝಳ ಮುಖಕ್ಕೆ ಬಡಿಯುತ್ತಿತ್ತು. ಎಲ್ಲರಿಗೂ ಮುಖಕವಚ ಕೊಟ್ಟ ಭಾವ ಮಗಳ ಕೈಗೆ ಉದ್ದ ಹಿಡಿಯ ಸೌಟು ಕೊಟ್ಟರು. ಅದರಲ್ಲಿ ನೀರಿತ್ತು.

"ಹೋಗಿ ಮೇಲಿಂದ ಸುರಿಯಮ್ಮ."

ಮಗಳು ನನ್ನತ್ತ ನೋಡಿದಳು. ಬೇಡ ಎಂದು ತಲೆಯಾಡಿಸಬೇಕೆಂದುಕೊಂಡೆ, ಕುತ್ತಿಗೆ ಅಲುಗಲಿಲ್ಲ. ಅವಳು ಒಂದೊಂದೇ ಹೆಜ್ಜೆ ಇಟ್ಟು ಮುಂದೆ ಹೋದಳು.

ಅವಳು ಸೌಟು ಬಗ್ಗಿಸುವ ಮುನ್ನವೇ "ಬೇಡ, ಎಲ್ಲರೂ ಸಾಯ್ತೀವಿ" ಎಂಬ ಕೂಗು ಕೇಳಿಸಿತು. ತಿರುಗಿದರೆ ಡೈರೆಕ್ಟರ್ ಕಬ್ಬಿಣದ ಬೀರುವಿನ ಹಿಂದೆ ಕೂತು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದರು. ನಾನೂ ಇನ್‌ಸ್ಪೆಕ್ಟರೂ ಬಾಗಿಲಿಗೆ ಅಂಟಿಕೊಂಡಿದ್ದೆವು. ಫಿಟ್ಟರ್ ಮಾತ್ರ ಕೈಕಟ್ಟಿ ನಿಂತಲ್ಲೇ ನಿಂತಿದ್ದ.

ನೀರು ಬಿತ್ತು. ಚುಯ್ ಎಂದು ಹಬೆ ಎದ್ದಿತು. ಕೆಂಪು ಕಲ್ಲಿನ ಮೇಲೆ ಹನಿಗಳು ಗೋಲಿಯ ಹಾಗೆ ಹೊರಳಾಡಿದವು. ಒಂದು ಕಡೆ ಕಪ್ಪು ಕೆನೆ ಕಟ್ಟಿತು. ಅಷ್ಟೇ.

"ಇಪ್ಪತ್ತು ಸಲ ಕೈಯಾರೆ ಇದನ್ನೇ ಮಾಡಿದೋರು ಯಾಕೆ ಸಾರ್ ಹೆದರಿದ್ರಿ?" ಎಂದು ಭಾವ ಮೆಲ್ಲಗೆ ಕೇಳಿದರು.

ಡೈರೆಕ್ಟರ್ ಎದ್ದು ಮುಖಕವಚ ತೆಗೆದರು.

"ನನಗೆ ಹಬೆ ಗೊತ್ತು" ಎಂದು ಭಾವ ಇನ್‌ಸ್ಪೆಕ್ಟರತ್ತ ತಿರುಗಿದರು. "ಮೇಲೆ ಬಿದ್ದ ನೀರಿಗೂ ಬಿಸಿ ಕಲ್ಲಿಗೂ ನಡುವೆ ಹಬೆಯ ಹಾಸು ಏಳುತ್ತೆ, ಹಬೆ ಮೇಲಕ್ಕೆ ಹೋಗಿಬಿಡುತ್ತೆ. ಅದೇ ನೀರು ಕಲ್ಲಿನ ಕೆಳಗೆ ಸಿಕ್ಕಿಕೊಂಡ್ರೆ ಹಬೆಗೆ ದಾರಿ ಇಲ್ಲ, ಎಲ್ಲಾನೂ ಎತ್ತಿ ಬಿಸಾಕುತ್ತೆ. ತಟ್ಟೆಯ ತಳ ಕೆಳಕ್ಕೆ ಉಬ್ಬಿತ್ತು, ಚಾವಣಿಗೆ ಕಲ್ಲು ಮೆತ್ತಿತ್ತು. ಅಂದ್ರೆ ಸಿಡಿದಿದ್ದು ಮರಳಿಗೂ ಕಲ್ಲಿಗೂ ನಡುವೆ. ತೂಕ ಆದ್ಮೇಲೆ ಯಾರೋ ಮರಳನ್ನ ಸರಿಸಿ ತಳಕ್ಕೆ ನೀರು ಹೊಯ್ದು ಮೇಲೆ ಒಣಮರಳು ಎಳೆದಿದಾರೆ."

"ಹಾಗಾದ್ರೆ ಲೋಟ?" ಎಂದರು ಇನ್‌ಸ್ಪೆಕ್ಟರ್.

"ಕೋಣೆಯ ಇಂಚಿಂಚಿಗೂ ಕರೀ ಪುಡಿ ಮೆತ್ತಿತ್ತು. ಲೋಟದ ಚೂರು ಮಾತ್ರ ಹೊಳೀತಿತ್ತು. ಸಿಡಿದಾಗ ಅದು ಅಲ್ಲಿರಲಿಲ್ಲ, ಆಮೇಲೆ ಒಡೆದು ಹಾಕಿದ್ದು. ಹುಡುಗಿಯ ಮೇಜಿನ ಮೇಲಿದ್ದ ಲೋಟವನ್ನ ತಂದು ಹಾಕೋಕೆ ಆಗಿದ್ದು ಮೊದಲು ಒಳಗೆ ನುಗ್ಗಿದವರಿಗೆ. ಅದು ಇವರೇ ಅಂತ ಇವರೇ ಹೇಳಿದ್ರು. ನಕ್ಷೆ ನೆಪದಲ್ಲಿ ಹುಡುಗೀನ ದೂರ ಕಳಿಸಿದ್ದೂ ಇವರೇ. ಕುಲುಮೆ ಹತ್ರ ದಿನಾ ನಿಲ್ಲೋ ಯಾರೂ ಈ ಸುಳ್ಳನ್ನ ಆರಿಸ್ಕೊಳ್ತಿರಲಿಲ್ಲ. ಬಾಗಿಲ ಮೇಲಿನ ಬೋರ್ಡ್ ಓದಿದೋರು ಆರಿಸ್ಕೊಂಡ್ರು."

"ನಲ್ಲಿ ಹತ್ರ ಯಾರೂ ಬರಲಿಲ್ಲ ಅಂತ ಫಿಟ್ಟರೇ ಹೇಳಿದಾನಲ್ಲ" ಎಂದರು ಡೈರೆಕ್ಟರ್.

"ಬರಬೇಕಾಗಿರಲಿಲ್ಲ. ತಟ್ಟೆಯ ಸಂದೀಲಿದ್ದ ಬಿಳೀ ಪುಡಿ ಉಪ್ಪು, ಸೋಡಾ. ನಲ್ಲಿ ನೀರು ಹಾಗೆ ಬಿಡಲ್ಲ, ಸರೋವರದ ನೀರು ಬಿಡುತ್ತೆ. ನಿನ್ನೆ ಇನ್‌ಸ್ಪೆಕ್ಟರ ಎದುರೇ ನಿಮ್ಮ ಬೀರುವಿನ ಹನ್ನೆರಡೂ ಬಾಟಲಿಯಿಂದ ಒಂದೊಂದು ಚಮಚ ಕಾಯಿಸಿದೆ. ಹನ್ನೊಂದರಲ್ಲಿ ಬಿಳೀ ಪುಡಿ ಉಳೀತು. ಏಳನೇದ್ರಲ್ಲಿ ಏನೂ ಉಳೀಲಿಲ್ಲ. ಗಲಾಟೆ ನಡೆಯೋವಾಗ ಅದಕ್ಕೆ ನಲ್ಲಿ ನೀರು ತುಂಬಿಟ್ರಿ. ಬೀರುವಿನ ಬೀಗದಕೈ ಇರೋದು ನಿಮ್ಮ ಹತ್ರ ಒಂದೇ. ಇನ್ನು ಆ ಇಪ್ಪತ್ತು ಪ್ರಯೋಗ. ಫಿಟ್ಟರೇ, ಹೋದ ಮಳೆಗಾಲದಲ್ಲಿ ಕುಲುಮೆ ಹೇಗಿತ್ತು?"

"ಇಟ್ಟಿಗೆ ಬಿಚ್ಚಿ ಹರವಿದ್ವಿ ಸಾರ್. ಮೂರು ತಿಂಗಳು ಒಂದು ಕಡ್ಡಿ ಗೀರಿಲ್ಲ. ವರದಿ ಓದಿ ಮೇಷ್ಟ್ರೂ ಹೋದ ವಾರ ಇದನ್ನೇ ಕೇಳಿದ್ರು."

ಡೈರೆಕ್ಟರ್ ಕುರ್ಚಿಗಾಗಿ ತಡಕಾಡಿ ಕುಳಿತರು. "ಆ ಪ್ರಯೋಗ ನಡೆದೇ ಇಲ್ಲ ಅಂತ ಸೋಮವಾರದೊಳಗೆ ನೀವೇ ಒಪ್ಪಿಕೊಳ್ಳಿ, ಇಲ್ದಿದ್ರೆ ನಾನು ಹೇಳ್ತೀನಿ ಅಂದಿದ್ರು ಮೇಷ್ಟ್ರು. ಒಂದು ಸಣ್ಣ ಸದ್ದಾಗಿ ಅವರು ಆಸ್ಪತ್ರೆ ಸೇರಿದ್ರೆ ಸಾಕು ಅಂದ್ಕೊಂಡೆ. ಎಷ್ಟು ನೀರು ಹಾಕಿದ್ರೆ ಎಷ್ಟು ಸಿಡಿಯುತ್ತೆ ಅಂತ ನನಗೆ ಗೊತ್ತಿರಲಿಲ್ಲ" ಎಂದರು. ಅದೇ ವಿಷಯದ ಮೇಲೆ ಮೂವತ್ತು ಪುಟ ಬರೆದಿದ್ದ ಮನುಷ್ಯ. ಇನ್‌ಸ್ಪೆಕ್ಟರ್ ಅವರ ತೋಳು ಹಿಡಿದು ಕರೆದೊಯ್ದರು.

ಹೊರಗೆ ಸರೋವರದ ಅಂಚಿನ ಕಲ್ಲುಕಟ್ಟೆಯ ಮೇಲೆ ಮಗಳು ಕುಳಿತಳು. ನಾನೂ ಕುಳಿತೆ. ಅವಳು ಮೊದಲು ಮೇಷ್ಟ್ರಿಗಾಗಿ ಅತ್ತಳು. ಆವತ್ತಿನವರೆಗೆ ಅವಳಿಗೆ ಅದಕ್ಕೂ ಪುರುಸೊತ್ತು ಸಿಕ್ಕಿರಲಿಲ್ಲ. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ಕೇಳಿದಳು.

"ಅಪ್ಪ, ಸೌಟು ಹಿಡಿದು ಹೋಗುವಾಗ ನಿನ್ನ ಮುಖ ನೋಡ್ದೆ. ನಾನೇ ಮಾಡಿದೀನಿ ಅಂತ ನೀನೂ ನಂಬಿದ್ದೆ ಅಲ್ವಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈ ನಾಲ್ಕು ದಿನಗಳಲ್ಲಿ ಅವಳು ತನ್ನ ಬಗ್ಗೆ ಒಂದೂ ಸುಳ್ಳು ಹೇಳಿಕೊಂಡಿರಲಿಲ್ಲ.

"ಹೌದಮ್ಮ, ನಂಬಿದ್ದೆ" ಎಂದೆ.

ಅವಳು ಎದ್ದು, ನನ್ನನ್ನು ಕಾಯದೆ, ಬಸ್ ನಿಲ್ದಾಣದ ಕಡೆ ನಡೆದಳು. ನಾನು ಹತ್ತು ಹೆಜ್ಜೆ ಹಿಂದೆಯೇ ಹೋದೆ. ಬಸ್ಸು ಬಂದಾಗ ಅವಳು ಹತ್ತಿ ಕಿಟಕಿಯ ಬಳಿ ಕುಳಿತಳು. ನಾನು ಎಲ್ಲಿ ಕೂರಲಿ ಎಂದು ತಿಳಿಯದೆ ಕಂಬ ಹಿಡಿದು ನಿಂತಿದ್ದೆ. ಎರಡು ನಿಲ್ದಾಣ ಕಳೆದ ಮೇಲೆ ಅವಳು ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.