ತುಳಸಿ ಕಿತ್ತ ವೈರು

"ಸೊಳ್ಳಿ ಹಾಡಿದಂಗ ಐತಲ್ಲೇ!" ಎಂದು ತುಳಸಿ ನಕ್ಕಳು.

ತ್ರಿವೇಣಿ ನಗಲಿಲ್ಲ. ತೊಡೆಯ ಮೇಲಿದ್ದ ಕೆಂಪು ಎಲೆಕ್ಟ್ರಿಕ್ ಗಿಟಾರಿನ ದಪ್ಪ ತಂತಿಯನ್ನು ಇನ್ನೊಮ್ಮೆ ಮೀಟಿದಳು. ಮುಂದಿದ್ದ ಆಂಪ್ಲಿಫೈಯರ್‌ನಿಂದ 'ಟಿಂಯ್' ಎಂದು ತೆಳ್ಳನೆಯ ಸದ್ದು ಬಂತು. ಅಷ್ಟು ದೊಡ್ಡ ಪೆಟ್ಟಿಗೆ, ಅದರೊಳಗೆ ಎರಡು ಸ್ಪೀಕರ್. ಸದ್ದು ಮಾತ್ರ ತಗಡಿನ ಡಬ್ಬಿ ಬಡಿದಂತೆ!

"ಅದಕ್ಕೇ ತಂದೀನಿ ಅಂಕಲ್. ಸೌಂಡಿನ್ಯಾಗ ದಮ್ಮೇ ಇಲ್ರಿ," ಎಂದು ತ್ರಿವೇಣಿ ತುಳಸಿಯ ಅಪ್ಪನಿಗೆ ಹೇಳಿದಳು.

ತುಳಸಿಯ ಅಪ್ಪ ಗಿರೀಶ ಹೊಸಪೇಟೆಯಲ್ಲಿ ಮೈಕು, ಸ್ಪೀಕರ್ ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆ ಮನೆಯ ಮೈಕಿನಿಂದ ಹಿಡಿದು ಗಣೇಶನ ಪೆಂಡಾಲಿನ ದೊಡ್ಡ ಬಾಕ್ಸಿನವರೆಗೆ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಆದರೆ ಇಂಥದ್ದು ಬಂದಿದ್ದು ಇದೇ ಮೊದಲು. ಹಂಪಿಯಲ್ಲಿ ಹೋಟೆಲ್ ಇಟ್ಟಿದ್ದ ತ್ರಿವೇಣಿಯ ಸೋದರಮಾವನಿಗೆ ಯಾರೋ ಫಾರಿನ್‌ನವರು ಊರಿಗೆ ಹೋಗುವಾಗ ಗಿಟಾರನ್ನೂ ಇದನ್ನೂ ಕೊಟ್ಟುಹೋಗಿದ್ದರಂತೆ. ಮಾವ ಎರಡನ್ನೂ ತ್ರಿವೇಣಿಗೆ ಕೊಟ್ಟಿದ್ದ.

ಅಪ್ಪ ಪೆಟ್ಟಿಗೆಯ ಹಿಂದೆ ಹೋಗಿ ಬಗ್ಗಿದ. ಅವನ ಮುಖ ಅರಳಿತು.

"ಯಪ್ಪಾ, ವಾಲ್ವ್ ಸೆಟ್! ಹಳೇ ರೇಡಿಯೋದಾಗ ಇರ್ತಿದ್ವಲ್ಲ, ಅವು. ಬರ್ರಿ ಇಬ್ರೂ, ನೋಡ್ರಿ."

ಒಳಗೆ ಗಾಜಿನ ಕೊಳವೆಗಳು ಸಾಲಾಗಿ ನಿಂತಿದ್ದವು. ಒಂದೊಂದರ ಹೊಟ್ಟೆಯಲ್ಲೂ ಸಣ್ಣ ಕೆಂಡದಂಥ ಬೆಳಕು.

"ಕೆಳಗಿನ ಸ್ಪೀಕರ್ ಬ್ಯಾರೆ, ಮ್ಯಾಲಿನ ಈ ಡಬ್ಬಿ ಬ್ಯಾರೆ. ಇದಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ. ಆಫ್ ಮಾಡಿದ ಮ್ಯಾಲೂ ಒಳಗ ಕರೆಂಟ್ ಕುಂತಿರ್ತೈತಿ," ಎಂದ ಅಪ್ಪ.

"ಅಂಕಲ್, ಅವು ಬಿಸಿ ಆದಂಗೆಲ್ಲ ಸೌಂಡ್ ಸ್ವಲ್ಪ ಚೇಂಜ್ ಆಗ್ತೈತಲ್ರಿ?"

ಅಪ್ಪ ತಲೆ ಎತ್ತಿ ತ್ರಿವೇಣಿಯನ್ನು ನೋಡಿದ. "ಭೇಷ್! ಕಿವಿ ಅಂದ್ರ ಇದು ನೋಡವ್ವಾ!"

ತುಳಸಿಯ ನಗು ಅಲ್ಲಿಗೇ ನಿಂತಿತು. ಆ ಮಾತನ್ನು ಅಪ್ಪ ಇಷ್ಟು ದಿನ ಅವಳಿಗೆ ಮಾತ್ರ ಹೇಳುತ್ತಿದ್ದ.

ಹಾಗೆ ನೋಡಿದರೆ ತೊಂದರೆ ಶುರುವಾಗಿದ್ದು ಶಾಲೆಯಲ್ಲಿ. ಪ್ರತಿ ವರ್ಷ ಸ್ಕೂಲ್ ಡೇ ಹಾಡಿಗೆ ಕೀಬೋರ್ಡ್ ನುಡಿಸುವವಳು ತುಳಸಿ. ಈ ಜೂನ್‌ನಲ್ಲಿ ಕಂಪ್ಲಿಯಿಂದ ಬಂದು ಸೇರಿದ ತ್ರಿವೇಣಿ ಒಂದು ದಿನ ಗಿಟಾರ್ ತಂದಳು. ಅಷ್ಟೇ! ರಮಾ ಟೀಚರ್, "ಈ ಸಲ ಗಿಟಾರ್ ಇರ್ಲಿ. ತುಳಸಿ, ನೀ ಕೋರಸ್ಸಿನ್ಯಾಗ ನಿಂದ್ರು," ಎಂದುಬಿಟ್ಟರು. ತುಳಸಿ "ಆತ್ರಿ ಮಿಸ್" ಎಂದಿದ್ದಳು.

ಈಗ ಅಪ್ಪನೂ.

ಅವತ್ತು ಭಾನುವಾರ. ಸಂಜೆ ತುಳಸಿಯನ್ನು ಡ್ಯಾಮಿಗೆ ಕರೆದುಕೊಂಡು ಹೋಗುವುದಾಗಿ ಅಪ್ಪ ಮಾತು ಕೊಟ್ಟಿದ್ದ. ಈಗ ಅವನಿಗೆ ಅದು ನೆನಪೇ ಇರಲಿಲ್ಲ. ಒಂದು ವಾಲ್ವ್ ತೆಗೆದ, ಇನ್ನೊಂದು ಹಾಕಿದ. "ಬಾರ್ಸವ್ವಾ ತ್ರಿವೇಣಿ," ಎಂದ. 'ಟಿಂಯ್.' ಮೀಟರ್ ಹಿಡಿದು ಏನೇನೋ ನೋಡಿದ. "ಈಗ ಬಾರ್ಸು." ಮತ್ತೆ 'ಟಿಂಯ್.'

ನಡುವೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತರಿಸಿದ. ಪೊಟ್ಟಣದಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮಿರ್ಚಿಯನ್ನು ತ್ರಿವೇಣಿಗೆ ಕೊಟ್ಟ. ತುಳಸಿ ಅದನ್ನು ನೋಡಿಯೂ ನೋಡದವಳಂತೆ ಮಂಡಕ್ಕಿ ಮುಕ್ಕಿದಳು. ಖಾರ ಹತ್ತದಿದ್ದರೂ ಕಣ್ಣಲ್ಲಿ ನೀರು ಬಂತು.

"ಇವತ್ತು ಆಗಂಗಿಲ್ಲ. ಇದನ್ನ ಇಲ್ಲೇ ಬಿಡು, ನಾಳೆ ಸಾಲಿ ಬಿಟ್ಟ ಮ್ಯಾಲೆ ಬಾ," ಎಂದು ಅಪ್ಪ ತ್ರಿವೇಣಿಯನ್ನು ಬೈಕಿನ ಮೇಲೆ ಮನೆಗೆ ಬಿಡಲು ಹೋದ.

ಅಮ್ಮ ಹಿತ್ತಿಲಲ್ಲಿದ್ದಳು. ಅಂಗಡಿಯಲ್ಲಿ ತುಳಸಿ ಮತ್ತು ಆ ಪೆಟ್ಟಿಗೆ, ಇಬ್ಬರೇ.

'ಇದು ಪೂರ್ತಿ ಬಂದ್ ಆದ್ರ?' ಎಂದು ಅವಳಿಗೆ ಅನ್ನಿಸಿತು. ಆಗ ಗಿಟಾರ್ ಇರುವುದಿಲ್ಲ. ಟೀಚರ್ ಕೀಬೋರ್ಡ್ ತಾ ಎನ್ನಲೇಬೇಕು.

ಪ್ಲಗ್ ಕಿತ್ತಿತ್ತು. ಆದರೂ ವಾಲ್ವ್ ಇರುವ ಡಬ್ಬಿಯನ್ನು ಅವಳು ಮುಟ್ಟಲಿಲ್ಲ. ಕೆಳಗೆ, ಸ್ಪೀಕರ್‌ಗಳ ಬೆನ್ನಿಗೆ ವೈರುಗಳು ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡಿದ್ದವು. ತುಳಸಿ ಬಾಗಿಲ ಕಡೆ ಒಮ್ಮೆ ನೋಡಿದಳು. ಒಂದು ವೈರನ್ನು ಹಿಡಿದು ಎಳೆದಳು. ಅದು ಸುಲಭವಾಗಿ ಕೈಗೆ ಬಂತು. ಅದನ್ನು ಮೂಲೆಗೆ ಸರಿಸಿ ಒಳಗೆ ಓಡಿದಳು.

ಮರುದಿನ ಸಂಜೆ ತ್ರಿವೇಣಿ ಗಿಟಾರ್ ಹೊತ್ತು ಬಂದಳು. ಅಪ್ಪ ಸ್ವಿಚ್ ಹಾಕಿದ. ವಾಲ್ವ್‌ಗಳು ಕೆಂಪಾಗುವವರೆಗೆ ಮೂವರೂ ಸುಮ್ಮನೆ ಕಾದರು. ತುಳಸಿ ಉಗುರು ಕಚ್ಚುತ್ತಾ ಬಾಗಿಲಿಗೆ ಒರಗಿ ನಿಂತಳು.

"ಹ್ಞೂಂ, ಬಾರ್ಸು."

ತ್ರಿವೇಣಿ ದಪ್ಪ ತಂತಿ ಮೀಟಿದಳು.

'ಧೊಂಂಂ!'

ಮೇಜಿನ ಮೇಲಿದ್ದ ಸ್ಕ್ರೂಗಳು ಕುಣಿದವು. ತ್ರಿವೇಣಿ ಬೆಚ್ಚಿ ಕೈ ಹಿಂದೆ ತೆಗೆದಳು. ಆಮೇಲೆ ಬಾಯಿ ತುಂಬ ನಕ್ಕಳು. "ಅಂಕಲ್! ಏನ್ ಮಾಡಿದ್ರಿ? ಮಸ್ತ್ ಆತ್ರಿ!"

"ನಾನೇನೂ ಮಾಡಿಲ್ಲಲ್ಲ!" ಅಪ್ಪನೂ ಬೆರಗಾಗಿದ್ದ. ಅವನು ಸ್ವಿಚ್ ಆರಿಸಿ ಹಿಂದೆ ಬಗ್ಗಿದ. "ಅರೇ, ಒಂದು ಸ್ಪೀಕರಿನ ವೈರೇ ಇಲ್ಲ. ಒಂದೇ ಸ್ಪೀಕರ್ ಇಷ್ಟು ಚಲೋ ಹಾಡಾಕತ್ತೈತಿ. ಎರಡೂ ಕೂಡಿದ್ರ ಕೆಡ್ತೈತಿ ಅಂದ್ರ…"

ಅವನು ಗೋಡೆ ಗಡಿಯಾರದ ಸೆಲ್ಲನ್ನು ಬಿಚ್ಚಿ ತಂದ. ಸ್ಪೀಕರ್‌ಗಳ ವೈರುಗಳನ್ನೆಲ್ಲ ಬಿಡಿಸಿ, ಸೆಲ್ಲನ್ನು ಮೊದಲ ಸ್ಪೀಕರ್‌ಗೆ ತಾಗಿಸಿದ. 'ಟಪ್' ಎಂದು ಅದರ ಕಪ್ಪು ಕಾಗದದ ಬಟ್ಟಲು ಹೊರಕ್ಕೆ ಉಬ್ಬಿತು. ಅದೇ ರೀತಿ ಎರಡನೆಯದಕ್ಕೆ ತಾಗಿಸಿದ. ಅದು ಒಳಕ್ಕೆ ಸರಿಯಿತು.

"ನೋಡ್ರಿ! ಹಿಂದ ಯಾರೋ ಒಂದು ಸ್ಪೀಕರ್ ಚೇಂಜ್ ಮಾಡ್ಯಾರ, ಅದರ ಪ್ಲಸ್-ಮೈನಸ್ ನೋಡದ ವೈರ್ ಉಲ್ಟಾ ಕೊಟ್ಟಾರ. ಒಂದು ಗಾಳಿ ಹೊರಗ ತಳ್ಳೋ ಟೈಮಿಗೆ ಇನ್ನೊಂದು ಒಳಗ ಜಗ್ತೈತಿ. ದಪ್ಪ ಸೌಂಡೆಲ್ಲ ಅಲ್ಲೇ ಸತ್ತು ಹೋಗ್ತೈತಿ. ನಾ ಬರೀ ವಾಲ್ವಿನ ಬೆನ್ನು ಹತ್ತಿದ್ದೆ." ಅಪ್ಪ ವೈರುಗಳನ್ನು ಸರಿಯಾಗಿ ತಿರುಗಿಸಿ ಹಾಕಿ ಎದ್ದು ನಿಂತ. "ಅದಿರ್ಲಿ, ವೈರ್ ಬಿಚ್ಚಿದ್ಯಾರು?"

ಅಪ್ಪನ ಕಣ್ಣು ತುಳಸಿಯ ಮೇಲೆ ನಿಂತಿತು.

"ನೀನೇನು?"

ತುಳಸಿ ಹೌದೆಂದು ಮೆಲ್ಲಗೆ ತಲೆ ಆಡಿಸಿದಳು.

"ಒಂದು ವೈರ್ ಬಿಚ್ಚಿ ಟೆಸ್ಟ್ ಮಾಡಿ ನೋಡಿದ್ಯಲ್ಲ! ನನಗ ಹೊಳೀಲಿಲ್ಲ ನೋಡು. ನನ್ನ ಮಗಳು ಅಂದ್ರ ಹಿಂಗ!" ಅಪ್ಪ ಅವಳ ತಲೆ ಸವರಿದ. ತ್ರಿವೇಣಿ ಓಡಿಬಂದು ಅವಳನ್ನು ಅಪ್ಪಿಕೊಂಡಳು. "ಥ್ಯಾಂಕ್ಯೂ ತುಳಸಿ! ನೀ ಇಲ್ಲಂದ್ರ ನನ್ನ ಕತಿ ಮುಗೀತಿತ್ತು!"

ತುಳಸಿ ಮರದ ಗೊಂಬೆಯಂತೆ ನಿಂತಿದ್ದಳು. ಇದೇ ಮಾತಿಗಾಗಿ ಅವಳು ನಿನ್ನೆಯೆಲ್ಲ ಕಾದಿದ್ದಳು. ಈಗ ಅದು ಬಂದಿತ್ತು. ಬೇರೆ ಯಾರಿಗೋ ಕೊಡಬೇಕಾದದ್ದನ್ನು ತಪ್ಪಿ ತನ್ನ ಕೈಯಲ್ಲಿಟ್ಟಂತೆ ಇತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನ ತ್ರಿವೇಣಿ ಕ್ಲಾಸಿಗೆಲ್ಲ ಸುದ್ದಿ ಹೇಳಿದಳು. ರಮಾ ಟೀಚರ್ ತುಳಸಿಯನ್ನು ಎಬ್ಬಿಸಿ ನಿಲ್ಲಿಸಿ, "ಇಂಥ ಫ್ರೆಂಡ್ ಇರ್ಬೇಕು ನೋಡ್ರಿ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ತ್ರಿವೇಣಿ.

ಊಟದ ಬೆಲ್ ಆದಾಗ ತುಳಸಿ ಡಬ್ಬಿ ತೆರೆಯಲಿಲ್ಲ. ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ತ್ರಿವೇಣಿಯ ಬಳಿಗೆ ಹೋದಳು.

"ನಾ ಟೆಸ್ಟ್ ಮಾಡಿದ್ದಲ್ಲಲೇ."

"ಮತ್ತೇನು?"

"ಪೂರ್ತಿ ಕೆಟ್ಟುಹೋಗ್ಲಿ ಅಂತ ಕಿತ್ತಿದ್ದೆ. ನೀ ಬಾರ್ಸಬಾರ್ದು ಅಂತ." ತುಳಸಿ ಒಂದೇ ಉಸಿರಿಗೆ ಹೇಳಿದಳು. "ಅದು ಹಂಗ ಸರಿ ಆಗ್ತೈತಿ ಅಂತ ನನಗ ಗೊತ್ತಿದ್ದಿಲ್ಲ."

ತ್ರಿವೇಣಿ ನಲ್ಲಿ ನಿಲ್ಲಿಸುವುದನ್ನೇ ಮರೆತಳು. ನೀರು ಹರಿಯುತ್ತಲೇ ಇತ್ತು. ಆಮೇಲೆ ಒದ್ದೆ ಕೈಯಲ್ಲೇ ಡಬ್ಬಿ ಎತ್ತಿಕೊಂಡು ಹೋಗಿ ಬೇರೆ ಹುಡುಗಿಯರ ಜೊತೆ ಕುಳಿತಳು.

ಮನೆಯಲ್ಲಿ ಅಪ್ಪನಿಗೂ ತುಳಸಿ ಹೇಳಿದಳು. ಅಪ್ಪ ಕೈಯಲ್ಲಿದ್ದ ಕೆಲಸ ಕೆಳಗಿಟ್ಟ. ಬೈಯಲಿಲ್ಲ. "ಡ್ಯಾಮಿಗೆ ಹೋಗೂಣು ಅಂದಿದ್ದೆ, ಅಲ್ಲ? ಮರ್ತೇ ಬಿಟ್ಟೆ," ಎಂದಷ್ಟೇ ಹೇಳಿದ. ಬೈದಿದ್ದರೇ ಚೆನ್ನಾಗಿತ್ತು ಎಂದು ತುಳಸಿಗೆ ಅನ್ನಿಸಿತು.

ಸ್ಕೂಲ್ ಡೇವರೆಗೂ ತ್ರಿವೇಣಿ ಅವಳೊಡನೆ ಮಾತಾಡಲಿಲ್ಲ. ಪ್ರಾಕ್ಟೀಸ್ ಮಾಡುವಾಗಲೂ ಅವಳ ಕಡೆ ತಿರುಗಲಿಲ್ಲ.

ಸ್ಕೂಲ್ ಡೇ ಬಂತು. ಪರದೆಯ ಹಿಂದೆ ಕೋರಸ್ ಮಕ್ಕಳು ಸಾಲಾಗಿ ನಿಂತಿದ್ದರು. ಹೊರಗೆ ಜನ ಕಿಕ್ಕಿರಿದಿದ್ದರು. ಮುಂದಿನ ಕುರ್ಚಿಗಳಲ್ಲಿ ಅಪ್ಪ, ಅಮ್ಮ ಕುಳಿತಿದ್ದರು. ಆಂಪ್ಲಿಫೈಯರ್ ಸ್ಟೇಜಿನ ಮೂಲೆಯಲ್ಲೇ ಇತ್ತು. ತ್ರಿವೇಣಿ ಅದನ್ನು ಎಳೆಯಲು ನೋಡಿದಳು. ಅದು ಕದಲಲಿಲ್ಲ.

ಅವಳು ತಿರುಗಿದಳು. "ತುಳಸಿ, ಆ ಕಡಿ ಹಿಡಿ," ಎಂದಳು.

ತುಳಸಿ ಓಡಿಹೋಗಿ ಹಿಡಿದಳು. ಇಬ್ಬರೂ ಅದನ್ನು ಸ್ಟೇಜಿನ ನಡುವೆ ತಂದು ಇಳಿಸಿದರು. ಆಗ ತ್ರಿವೇಣಿಯ ಕೈ ತುಳಸಿಯ ಕೈಗೆ ತಾಗಿತು. ಅದು ಐಸಿನಂತೆ ತಣ್ಣಗಿತ್ತು.

"ಏನಾತಲೇ?"

"ಹೆದ್ರಿಕಿ." ತ್ರಿವೇಣಿಯ ದನಿ ಕೇಳಿಸುವಂತೆಯೇ ಇರಲಿಲ್ಲ. "ಕಂಪ್ಲಿ ಸಾಲ್ಯಾಗ ಸ್ಟೇಜ್ ಮ್ಯಾಲೆ ನಿಂತು ಅತ್ತುಬಿಟ್ಟಿದ್ದೆ. ಎಲ್ರೂ ನಕ್ಕಿದ್ರು. ಇಲ್ಲಿ ಯಾರಿಗೂ ಗೊತ್ತಿಲ್ಲ."

ಗಿಟಾರ್ ಹಿಡಿದ ಹುಡುಗಿಗೂ ಹೆದರಿಕೆ ಇರಬಹುದು ಎಂದು ತುಳಸಿ ಯೋಚಿಸಿಯೇ ಇರಲಿಲ್ಲ. ಜೂನ್‌ನಿಂದ ಅವಳು ನೋಡಿದ್ದು ಗಿಟಾರನ್ನು ಮಾತ್ರ.

"ಜನರ ಕಡಿ ನೋಡಬ್ಯಾಡ. ನಾ ಲೈನಿನ ಈ ತುದಿಗೆ ನಿಂದ್ರತೀನಿ, ನನ್ನ ನೋಡು. ತಾಳ ತಪ್ಪಿದ್ರ ತಲಿ ಆಡಿಸಿ ತಾಳ ಕೊಡ್ತೀನಿ," ಎಂದಳು ತುಳಸಿ.

ತ್ರಿವೇಣಿ ಗಿಟಾರನ್ನು ಕೊರಳಿಗೆ ಹಾಕಿಕೊಂಡಳು. ಪರದೆ ಸರಿಯಿತು.

ಮೊದಲ ಸದ್ದು ಹೊರಟಾಗ ಸ್ಟೇಜಿನ ಹಲಗೆ ತುಳಸಿಯ ಪಾದದ ಕೆಳಗೆ ಗುಮ್ಮೆಂದಿತು. ಎರಡೂ ಸ್ಪೀಕರ್ ತುಂಬಿ ಹಾಡುತ್ತಿದ್ದವು. ಹಾಡಿನ ಮೊದಲ ಸಾಲು ಮುಗಿಯುವಾಗ ತ್ರಿವೇಣಿಯ ಬೆರಳು ತಡವರಿಸಿತು. ಅವಳ ಕಣ್ಣು ಕೋರಸ್ಸಿನ ತುದಿಯನ್ನು ಹುಡುಕಿತು. ತುಳಸಿ ತಲೆ ಆಡಿಸಿದಳು. ಬೆರಳು ಮತ್ತೆ ತಾಳಕ್ಕೆ ಬಂತು.

ಮೊದಲ ಸಾಲಿಗೇ ಚಪ್ಪಾಳೆ ಬಿತ್ತು. ಅಪ್ಪನೂ ತಟ್ಟುತ್ತಿದ್ದ. ಯಾರನ್ನು ನೋಡಿ ತಟ್ಟುತ್ತಿದ್ದಾನೆ ಎಂದು ತುಳಸಿ ತಿರುಗಿ ನೋಡಲಿಲ್ಲ. ತ್ರಿವೇಣಿ ಇನ್ನೂ ಅವಳ ಕಡೆಯೇ ನೋಡುತ್ತಿದ್ದಳು, ಹಾಡಿನ ಎರಡನೇ ಸಾಲು ಈಗ ಬರುವುದಿತ್ತು.