ಪುಸ್ತಕದಲ್ಲಿ ಇಲ್ಲದ ಪೊರಕೆ ಕಡ್ಡಿ

ಗಿರಗಿಟ್ಲೆ ಕಾಗದದ ಸುರುಳಿಯನ್ನು ಬಿಚ್ಚುತ್ತಲೇ ಹೋದಳು. ಕಪ್ಪುಹಲಗೆಯ ಕೆಳಗೆ ಶುರುವಾದ ಕಾಗದ ಮೇಷ್ಟ್ರ ಮೇಜನ್ನು ದಾಟಿತು. ಬೆಂಚುಗಳ ನಡುವೆ ಹಾದುಹೋಗಿ ಹಿಂದಿನ ಗೋಡೆಗೆ ತಾಗಿ ನಿಂತಿತು. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಕಾಗದ ಅದು. ಅದರ ಉದ್ದಕ್ಕೂ ಒಂದೇ ಒಂದು ಗೆರೆ ಇತ್ತು.

“ಇದೇನಮ್ಮ ಇದು?” ಎಂದರು ಮೇಷ್ಟ್ರು.

“ನಮ್ಮ ಕ್ಲಾಸಿನ ನಕ್ಷೆ ಸರ್. ಇದು ಕಿಟಕಿ ಕಡೆ ಗೋಡೆ. ಎಂಟು ಮೀಟರ್, ಸರಿಯಾಗಿ ಅಳೆದಿದ್ದೀನಿ. ಉಳಿದ ಮೂರು ಗೋಡೆಗೆ ಅಂಟು ಸಾಲಲಿಲ್ಲ.”

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರು ಕೂಡ ಮೀಸೆಯ ಮೇಲೆ ಕೈ ಇಟ್ಟುಕೊಂಡರು. ಪಾಠ ಓದಿಕೊಂಡು ಬಂದಿದ್ದೀಯಾ ಎಂದು ಕೇಳಿದರು. ಮೂರು ಸಲ ಓದಿದ್ದೇನೆ ಎಂದಳು ಗಿರಗಿಟ್ಲೆ.

“ನಕ್ಷೆ ಚಿಕ್ಕದಾಗಿರಬೇಕಮ್ಮ.”

“ಎಷ್ಟು ಚಿಕ್ಕದು ಸರ್?”

ಮೇಷ್ಟ್ರು ಪುಸ್ತಕ ತೆರೆದು ಹದಿನಾಲ್ಕನೇ ಪುಟವನ್ನು ಸ್ವಲ್ಪ ಹೊತ್ತು ನೋಡಿದರು. ಪಾಠ ಅವರಿಗೂ ಹೊಸದೇ. “ಇಲ್ಲೇ ಇದೆಯಲ್ಲ, ಸೂಕ್ತ ಪ್ರಮಾಣದಲ್ಲಿ ಅಂತ,” ಎಂದರು. ಅಷ್ಟರಲ್ಲಿ ಬೆಲ್ ಹೊಡೆಯಿತು.

ನಗದೇ ಇದ್ದವಳು ಎರಡನೇ ಬೆಂಚಿನ ಇಣಚಿ ಒಬ್ಬಳೇ. ಅಳಿಲಿನ ಹಾಗೆ ಪೆನ್ಸಿಲ್ ತುದಿ ಕಡಿಯುವ ಚಟಕ್ಕೆ ಅಪ್ಪ ಇಟ್ಟ ಹೆಸರು ಅದು, ಶಾಲೆಯಲ್ಲೂ ಅಂಟಿಕೊಂಡಿತ್ತು. ಅವಳ ಪಕ್ಕ ಕೂರುವ ಗಿರಗಿಟ್ಲೆ ಒಂದು ನಿಮಿಷ ಕೂತಲ್ಲಿ ಕೂರುವವಳಲ್ಲ. ಇವತ್ತು ಮಾತ್ರ ಕಾಗದವನ್ನು ಮುದುರಿ ಬೆಂಚಿನ ಕೆಳಗೆ ತುರುಕಿ, ಆಟಕ್ಕೆ ಬಿಟ್ಟಾಗಲೂ ಅಲ್ಲೇ ಕೂತಿದ್ದಳು.

“ನಂಗೆ ತಲೆ ಇಲ್ಲ ಕಣೇ,” ಎಂದಳು. “ಎಲ್ಲರಿಗೂ ಗೊತ್ತಾಗಿದೆ. ನಂಗೊಬ್ಬಳಿಗೇ ಗೊತ್ತಾಗಿಲ್ಲ.”

ಎಲ್ಲರಿಗೂ ಏನೂ ಗೊತ್ತಾಗಿರಲಿಲ್ಲ. ಮೊದಲ ಬೆಂಚಿನ ಫಸ್ಟ್ ರ‍್ಯಾಂಕ್ ಹುಡುಗಿ ಕೂಡ ಹದಿನೈದು ಸೆಂಟಿಮೀಟರ್ ಉದ್ದದ ಒಂದು ಡಬ್ಬ ಬರೆದಿದ್ದಳು. ಹದಿನೈದೇ ಯಾಕೆ ಎಂದರೆ, ಅವಳ ಸ್ಕೇಲು ಇದ್ದದ್ದೇ ಅಷ್ಟು ಉದ್ದ. ಉಳಿದವರು ಅದನ್ನೇ ಅಂದವಾಗಿ ಇಳಿಸಿಕೊಂಡಿದ್ದರು.

ಆ ಪುಸ್ತಕ ಎಲ್ಲ ಪುಸ್ತಕಗಳ ಹಾಗಿರಲಿಲ್ಲ. ಬೂದು ಬಣ್ಣದ ತೆಳ್ಳನೆಯ ರಟ್ಟು, ಬಣ್ಣ ಹಾಕದ ಚಿತ್ರಗಳು, ಮೇಲೆ ‘ಪ್ರಾಯೋಗಿಕ ಪ್ರತಿ’ ಎಂಬ ಮುದ್ರೆ. ಮುಂದಿನ ವರ್ಷದಿಂದ ಇಡೀ ದೇಶದ ಶಾಲೆಗಳಿಗೆ ಹೊಸ ಪಠ್ಯಕ್ರಮ ಬರಲಿತ್ತು. ಅದಕ್ಕೂ ಮೊದಲು ಕೆಲವೇ ಶಾಲೆಗಳಲ್ಲಿ ಪುಸ್ತಕಗಳನ್ನು ಕಲಿಸಿ ನೋಡುತ್ತಿದ್ದರು. ಇವರದು ಅಂಥ ಒಂದು ಶಾಲೆ.

ಐದನೇ ಕ್ಲಾಸಿನ ಗಣಿತ ಪುಸ್ತಕವನ್ನು ಬರೆದವರಲ್ಲಿ ಇಣಚಿಯ ಅಮ್ಮನೂ ಒಬ್ಬಳು. ಅದು ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಬಾರದು ಎಂದು ಅಮ್ಮನೇ ಬಾಯಿಗೆ ಬೀಗ ಹಾಕಿದ್ದಳು. “ಗೊತ್ತಾದ್ರೆ ದಾಕ್ಷಿಣ್ಯಕ್ಕೆ ಯಾರೂ ನಿಜ ಹೇಳಲ್ಲ ಕಣೇ,” ಎಂದಿದ್ದಳು.

ಅಮ್ಮ ಮೊದಲು ಟೀಚರ್ ಆಗಿದ್ದವಳು. ಎರಡು ವರ್ಷದಿಂದ ಪಠ್ಯಪುಸ್ತಕದ ಆಫೀಸಿನಲ್ಲಿ ಪಾಠ ಬರೆಯುವುದೇ ಕೆಲಸ. ಒಂದು ಪುಟ ಮುಗಿದರೆ ಅದನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಇಣಚಿಯ ಮುಂದೆ ಇಡುತ್ತಿದ್ದಳು. ಇಣಚಿ ಓದುವುದು, ಅರ್ಥ ಆಯ್ತಾ ಎಂದು ಅಮ್ಮ ಕೇಳುವುದು, ಆಯ್ತು ಎಂದ ತಕ್ಷಣ ಪುಟದ ಮೂಲೆಯಲ್ಲಿ ಒಂದು ಟಿಕ್ ಹಾಕುವುದು. ಟಿಕ್ ಬಿದ್ದ ಪುಟ ಮಾತ್ರ ಟೈಪಿಂಗಿಗೆ ಹೋಗುತ್ತಿತ್ತು. ಆ ಟಿಕ್ಕುಗಳ ಬಗ್ಗೆ ಇಣಚಿಗೆ ಒಳಗೊಳಗೇ ಜಂಬ ಇತ್ತು.

ಹದಿನಾಲ್ಕನೇ ಪುಟವೂ ಹಾಗೆಯೇ ಬಂದಿತ್ತು. ನಿಜ ಹೇಳಬೇಕೆಂದರೆ, ಓದಿದಾಗ ಇಣಚಿಯ ತಲೆಗೂ ಏನೂ ಹತ್ತಿರಲಿಲ್ಲ. ಅವಳ ಮುಖ ನೋಡಿ ಅಮ್ಮ ಬಾಗಿಲ ಹಿಂದಿನ ಪೊರಕೆಯಿಂದ ನಾಲ್ಕೈದು ಕಡ್ಡಿ ಎಳೆದು ತಂದು, ಬೆರಳುದ್ದದ ಚೂರುಗಳಾಗಿ ಮುರಿದಳು. ಮನೆಯ ಹಾಲಿನ ಉದ್ದ ಅಮ್ಮನ ಹೆಜ್ಜೆಗೆ ಒಂಬತ್ತು, ಅಗಲ ಏಳು. ಒಂದು ಹೆಜ್ಜೆಗೆ ಒಂದು ಕಡ್ಡಿ. ಕಡ್ಡಿಗಳನ್ನು ಜೋಡಿಸುತ್ತ ಹೋದಂತೆ ಇಡೀ ಹಾಲು ಪುಟ್ಟದಾಗಿ ಮೇಜಿನ ಮೇಲೆ ಬಂದು ಕೂತಿತು. “ಓ, ಇಷ್ಟೇನಾ!” ಎಂದಳು ಇಣಚಿ. ಅಮ್ಮ ಟಿಕ್ ಹಾಕಿದಳು. ಅಪ್ಪ ಬಂದು, ನಿಮ್ಮಿಬ್ಬರ ವಿದ್ಯಾಭ್ಯಾಸದಲ್ಲಿ ಪೊರಕೆ ಬೋಳಾಯಿತು ಎಂದು ಗೊಣಗಿದ್ದ.

ಆ ಕಡ್ಡಿಗಳು ಮೇಜಿನ ಮೇಲೇ ಉಳಿದವು. ಪುಟ ಇದ್ದ ಹಾಗೆಯೇ ಟೈಪಿಂಗಿಗೆ ಹೋಯಿತು.

ಮಾರನೆಯ ವಾರ ಮೇಷ್ಟ್ರು ಒಂದು ಕಟ್ಟು ಹಾಳೆ ತಂದು ಎಲ್ಲರಿಗೂ ಒಂದೊಂದು ಹಂಚಿದರು. ಅದರಲ್ಲಿ ಇದ್ದದ್ದು ಎರಡೇ ಪ್ರಶ್ನೆ. ಪುಸ್ತಕದ ಯಾವ ಪುಟ ನಿಮಗೆ ಅರ್ಥವಾಗಲಿಲ್ಲ? ಏಕೆ? ಕೆಳಗೆ, ಹೆಸರು ಬರೆಯಬೇಡಿ ಎಂದಿತ್ತು.

“ಸರ್, ಎಷ್ಟು ಮಾರ್ಕ್ಸಿಗೆ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಮಾರ್ಕ್ಸ್ ಇಲ್ಲ. ಆದ್ರೂ ನೋಡ್ಕೊಂಡು ಬರೀರಪ್ಪ, ದೊಡ್ಡ ಆಫೀಸಿಗೆ ಹೋಗುತ್ತೆ. ಶಾಲೆ ಮರ್ಯಾದೆ ನಿಮ್ಮ ಕೈಲಿದೆ.”

ಮರ್ಯಾದೆ ಎಂದ ಮೇಲೆ ಅದು ಪರೀಕ್ಷೆಯೇ. ಎಲ್ಲರೂ ಮಾರ್ಜಿನ್ ಹಾಕಿಕೊಂಡು ಮೊದಲ ಬೆಂಚಿನ ಕಡೆ ಕತ್ತು ಉದ್ದ ಮಾಡಿದರು. ಫಸ್ಟ್ ರ‍್ಯಾಂಕ್ ಹುಡುಗಿ ‘ಎಲ್ಲ ಪುಟಗಳೂ ಚೆನ್ನಾಗಿ ಅರ್ಥವಾದವು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಆ ವಾಕ್ಯ ಎರಡು ಗೆರೆಗಳ ಸಮೇತ ಬೆಂಚಿನಿಂದ ಬೆಂಚಿಗೆ ದಾಟುತ್ತ ಹೊರಟಿತು.

ಇಣಚಿ ಪೆನ್ಸಿಲ್ ಕಡಿಯುತ್ತ ಕೂತಳು. ಇನ್ನು ಹದಿನೈದು ದಿನಕ್ಕೆ ಪುಸ್ತಕ ಅಚ್ಚಿಗೆ ಹೋಗುತ್ತದೆ ಎಂದು ಅಮ್ಮ ಬೆಳಿಗ್ಗೆಯಷ್ಟೇ ಹೇಳಿದ್ದಳು. ಅದು ಮುಗಿದ ಮರುದಿನವೇ ಒಂದು ವಾರ ರಜೆ ಹಾಕಿ ಮನೆಯಲ್ಲಿ ಇರುತ್ತೇನೆ ಎಂದು ಮಾತು ಕೊಟ್ಟಿದ್ದಳು. ಎರಡು ವರ್ಷದಲ್ಲಿ ಅಮ್ಮ ಒಂದು ವಾರ ಪೂರ್ತಿ ಮನೆಯಲ್ಲಿ ಇದ್ದದ್ದೇ ಇಲ್ಲ. ಈಗ ಇವಳು ಹದಿನಾಲ್ಕನೇ ಪುಟ ಎಂದು ಬರೆದರೆ ರಜೆ ಹೋಯಿತು. ಸಾಲದ್ದಕ್ಕೆ ಅಮ್ಮನ ಮೇಲೆ ಮಗಳೇ ಚಾಡಿ ಹೇಳಿದ ಹಾಗೆ. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ.

ಅವಳು ಪಕ್ಕಕ್ಕೆ ನೋಡಿದಳು. ಗಿರಗಿಟ್ಲೆ ಹಾಳೆಗೆ ಕೈ ಅಡ್ಡ ಇಟ್ಟುಕೊಂಡು, ನಾಲಗೆ ಕಚ್ಚಿಕೊಂಡು, ತನ್ನ ಬದುಕಿನಲ್ಲೇ ಅತಿ ದುಂಡಗಿನ ಅಕ್ಷರಗಳಲ್ಲಿ ಬರೆಯುತ್ತಿದ್ದಳು. ಎಲ್ಲ ಪುಟಗಳೂ ಚೆನ್ನಾಗಿ ಅರ್ಥವಾದವು. ಆಮೇಲೆ ಸ್ಕೇಲು ತೆಗೆದು ಗೆರೆ ಎಳೆದಳು. ಒಂದು, ಎರಡು.

ಅದನ್ನು ನೋಡಿ ಇಣಚಿಗೆ ಅಳುವೇ ಬಂತು. ಅವಳು ತಲೆ ತಗ್ಗಿಸಿ ಬರೆಯತೊಡಗಿದಳು.

‘ಹದಿನಾಲ್ಕನೇ ಪುಟ ಅರ್ಥವಾಗಲಿಲ್ಲ. ನನಗೆ ಅರ್ಥವಾಗಿದ್ದು ಪೊರಕೆ ಕಡ್ಡಿಯಿಂದ. ಪುಸ್ತಕದಲ್ಲಿ ಪೊರಕೆ ಕಡ್ಡಿ ಇಲ್ಲ.’

ಆಮೇಲೆ ನಾಲ್ಕು ದಿನ ಇಣಚಿಗೆ ಅನ್ನ ಸೇರಲಿಲ್ಲ.

ಶನಿವಾರ ಮಧ್ಯಾಹ್ನ ಅಮ್ಮ ಹಾಳೆಗಳ ಕಟ್ಟನ್ನು ಮನೆಗೇ ತಂದಳು. ಊಟದ ಮೇಜಿನ ಮೇಲೆ ಬಿಚ್ಚಿಟ್ಟು ಒಂದೊಂದಾಗಿ ತಿರುವಿದಳು. ಮೊದಮೊದಲು ಅವಳಿಗೆ ನಗು. ಇಷ್ಟು ಮಕ್ಕಳು, ಒಂದೇ ವಾಕ್ಯ, ಒಬ್ಬರೂ ತಪ್ಪದೆ ಎರಡು ಗೆರೆ ಎಂದು ಅಪ್ಪನನ್ನು ಕರೆದು ತೋರಿಸಿದಳು. ಹಾಗೆ ತಿರುವುತ್ತಿದ್ದವಳು ಒಂದು ಹಾಳೆಯ ಹತ್ತಿರ ನಿಂತುಬಿಟ್ಟಳು.

ಇಣಚಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅಮ್ಮ ಆ ಹಾಳೆಯನ್ನು ಎರಡು ಸಲ ಓದಿದಳು. ಎದ್ದು ಹೋಗಿ ಬೀರುವಿನಿಂದ ಹಳೆಯ ಹದಿನಾಲ್ಕನೇ ಪುಟವನ್ನು ತಂದು ಪಕ್ಕದಲ್ಲಿಟ್ಟಳು. ಮೂಲೆಯಲ್ಲಿದ್ದ ಟಿಕ್ಕನ್ನು ಬೆರಳಿನಿಂದ ಮುಟ್ಟಿದಳು.

“ಅಮ್ಮಾ, ಬೇಜಾರಾಯ್ತಾ?”

“ಆಯ್ತು,” ಎಂದಳು ಅಮ್ಮ. ಹಾಳೆಯನ್ನು ಕೆಳಗಿಟ್ಟು, “ನಾಲ್ಕು ದಿನ ಇದನ್ನ ಹೊಟ್ಟೇಲಿಟ್ಕೊಂಡು ಓಡಾಡಿದ್ಯಾ?” ಎಂದು ಕೇಳಿದಳು.

ಇಣಚಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಕ್ಯಾಲೆಂಡರ್ ಹಾಳೆ, ಸಾಲದ ಅಂಟು, ಕ್ಲಾಸೆಲ್ಲ ನಕ್ಕಿದ್ದು, ತಲೆ ಇಲ್ಲ ಎಂದು ಗಿರಗಿಟ್ಲೆ ಹೇಳಿದ್ದು. ಕಾಗದ ಗೋಡೆಗೆ ತಾಗಿದ್ದನ್ನು ಕೇಳಿ ಅಮ್ಮನಿಗೆ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು.

“ಎಂಟು ಮೀಟರ್ ಸರಿಯಾಗಿ ಅಳೆದಿದ್ಲಾ?”

“ಹೂಂ. ಮೇಷ್ಟ್ರ ಟೇಪಲ್ಲೇ ಅಳೆದಿದ್ಲು.”

“ಹಾಗಾದ್ರೆ ಪುಸ್ತಕದಲ್ಲಿ ಇದ್ದಿದ್ದನ್ನೆಲ್ಲ ಅವಳು ಮಾಡಿದ್ದಾಳೆ. ಉಳಿದಿದ್ದು ನಮ್ಮನೆ ಪೊರಕೇಲಿತ್ತು.”

ಅಮ್ಮ ರಬ್ಬರ್ ತೆಗೆದುಕೊಂಡು ಟಿಕ್ಕನ್ನು ಅಳಿಸಿದಳು. ರಜೆಯ ಮಾತು ಅವಳೂ ಎತ್ತಲಿಲ್ಲ, ಇಣಚಿಯೂ ಎತ್ತಲಿಲ್ಲ. ನಾಳೆ ಆ ನಿನ್ನ ಗೆಳತಿಯನ್ನು ಮನೆಗೆ ಕರೆದುಕೊಂಡು ಬಾ ಎಂದು ಮಾತ್ರ ಹೇಳಿದಳು.

ದಾರಿಯಲ್ಲಿ ವಿಷಯ ಕೇಳಿ ಗಿರಗಿಟ್ಲೆ ನಡೆಯುವುದನ್ನೇ ನಿಲ್ಲಿಸಿದಳು. ಪುಸ್ತಕ ಬರೆಯುವವರು ಹೀಗೆ ಸುಮ್ಮನೆ ಮನೆಗಳಲ್ಲಿ ಇರುತ್ತಾರೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಬೈಯುತ್ತಾರಾ ಎಂದು ಎರಡು ಸಲ ಕೇಳಿದಳು.

ಮೇಜಿನ ಮೇಲೆ ಹೊಸದಾಗಿ ಕೈಯಲ್ಲಿ ಬರೆದ ಹದಿನಾಲ್ಕನೇ ಪುಟ ಇತ್ತು. ಒಂದು ಲೋಟದ ತುಂಬ ಪೊರಕೆ ಕಡ್ಡಿಯ ಚೂರುಗಳಿದ್ದವು. ಅಮ್ಮ ಎದುರಿನ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು. ಒಂದು ಮಾತೂ ಆಡಕೂಡದು ಎಂದು ಇಣಚಿಗೆ ಮೊದಲೇ ಹೇಳಿದ್ದಳು.

ಗಿರಗಿಟ್ಲೆ ಬೆರಳಿಟ್ಟು ಓದಿದಳು. ಎದ್ದು ಹಾಲಿನ ಉದ್ದಕ್ಕೂ ಅಗಲಕ್ಕೂ ಹೆಜ್ಜೆ ಹಾಕಿ ಎಣಿಸಿದಳು. ಅವಳ ಹೆಜ್ಜೆಗೆ ಉದ್ದ ಹನ್ನೊಂದಾಯಿತು. ಕಡ್ಡಿಗಳನ್ನು ಜೋಡಿಸಿ ನಾಲ್ಕೂ ಗೋಡೆ ಕೂಡಿದಾಗ ಅವಳ ಮುಖ ಅರಳಿತು. ಮುಂದಿನ ಸಾಲನ್ನು ಓದಿದಳು. ಇನ್ನೊಮ್ಮೆ ಓದಿದಳು. ಬೆರಳು ಅಲ್ಲೇ ನಿಂತಿತು. ಅವಳು ಇಣಚಿಯ ಕಡೆ ನೋಡಿದಳು.

ಕಡ್ಡಿಯ ಬದಲು ಚೌಕದ ಹಾಳೆಯಲ್ಲಿ ಒಂದೊಂದು ಚೌಕ ಎಣಿಸಬೇಕು, ಅಷ್ಟೇ. ಇಣಚಿಯ ನಾಲಗೆಯ ತುದಿಗೇ ಬಂದಿತ್ತು. ಅವಳು ಅಮ್ಮನನ್ನು ನೋಡಿದಳು. ಅಮ್ಮನೂ ತುಟಿ ಬಿಗಿ ಹಿಡಿದು ಕೂತಿದ್ದಳು. ಹೇಳಿಕೊಡಬೇಕೆಂದು ಅಮ್ಮನಿಗೂ ಅಷ್ಟೇ ಆಸೆ ಆಗುತ್ತಿದೆ ಎಂದು ಇಣಚಿಗೆ ಗೊತ್ತಾಯಿತು. ಈ ಪುಟ ಯಾವ ಯಾವುದೋ ಊರಿನ ಮಕ್ಕಳ ಕೈಗೆ ಹೋಗುತ್ತದೆ. ಅಲ್ಲೆಲ್ಲ ಅಮ್ಮ ಇರುವುದಿಲ್ಲ.

“ಆಂಟಿ,” ಎಂದಳು ಗಿರಗಿಟ್ಲೆ, ಕೇಳಿಯೂ ಕೇಳದಷ್ಟು ಮೆಲ್ಲಗೆ. “ಇಲ್ಲಿ ನಂಗೆ ತಿಳೀಲಿಲ್ಲ.”

ಅಮ್ಮ ಕೆಂಪು ಪೆನ್ಸಿಲ್ ಎತ್ತಿಕೊಂಡಳು. ಗಿರಗಿಟ್ಲೆ ಸರಕ್ಕನೆ ಕೈ ಹಿಂದೆಗೆದುಕೊಂಡಳು. ಕೆಂಪು ಗೆರೆ ಬಿದ್ದದ್ದು ಪುಟದಲ್ಲಿದ್ದ ಆ ಸಾಲಿನ ಮೇಲೆ.

“ಯಾವ ಮಾತಿನ ಹತ್ರ ನಿಂತೆ ಮಗಾ?”

ಗಿರಗಿಟ್ಲೆ ತೋರಿಸಿದಳು. ಅಮ್ಮ ಅದನ್ನು ಹೊಡೆದುಹಾಕಿ, ಮೇಲೆ ಬೇರೆ ಬರೆದಳು. ಗಿರಗಿಟ್ಲೆ ಆ ಕೆಂಪು ಗೆರೆಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಪುಟವನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಮೊದಲಿಂದ ಓದ್ತೀನಿ ಆಂಟಿ,” ಎಂದಳು. ಈ ಸಲ ಅವಳ ದನಿ ಅಡಿಗೆಮನೆಯಲ್ಲಿದ್ದ ಅಪ್ಪನಿಗೂ ಕೇಳಿಸಿತು. “ಇನ್ನೂ ಎಲ್ಲಾದ್ರೂ ಸಿಗಬಹುದು.”

ಇಣಚಿ ಅಮ್ಮನ ಹಾಗೆಯೇ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು.