ಆಯಿಲ್ ಬಿಸಿಯಾಗುವವರೆಗೆ

ಅವಳು ಅಂಗಡಿಯೊಳಗೆ ಕಾಲಿಟ್ಟಾಗ ಗೋಡೆಯ ಮೇಲಿದ್ದ ನಲವತ್ತು ಗಡಿಯಾರಗಳೂ ಒಂದು ಕ್ಷಣ ಟಿಕ್ ಅನ್ನುವುದನ್ನೇ ಮರೆತವು. ಸುಳ್ಳಲ್ಲ. ಬೇಕಾದರೆ ಗಡಿಯಾರದವನನ್ನೇ ಕೇಳಿ, ಆಣೆ ಮಾಡಿ ಹೇಳುತ್ತಾನೆ.

ಎದುರುಗಡೆ ಗ್ಯಾರೇಜ್ ಅವಳದು. ಬೀದಿಯವರೆಲ್ಲ ಅವಳನ್ನು ‘ಸ್ಪ್ಯಾನರ್’ ಎಂದೇ ಕರೆಯುತ್ತಿದ್ದರು. ಒಂದು ವರ್ಷದಿಂದ ಗಡಿಯಾರದವನು ಕಿಟಕಿಯ ಪಕ್ಕದ ಮೇಜಿನ ಮುಂದೆ ಕುಳಿತು ಒಂದೇ ಗಡಿಯಾರವನ್ನು ಏಳು ಸಲ ರಿಪೇರಿ ಮಾಡಿದ್ದ. ಅದು ಒಂದು ಸಲವೂ ಕೆಟ್ಟಿರಲಿಲ್ಲ. ಆ ಕಿಟಕಿಯಿಂದ ಗ್ಯಾರೇಜ್ ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ.

ಅವಳು ಕಾಗದದ ಪೊಟ್ಟಣ ಬಿಚ್ಚಿ, ಬೆರಳಿನ ಗೆಣ್ಣಿನಷ್ಟು ಉದ್ದದ ಹಿತ್ತಾಳೆ ತುಂಡೊಂದನ್ನು ಗಾಜಿನ ಮೇಲಿಟ್ಟಳು. ಹಳೇ ಮಸಿ ಕಟ್ಟಿ ಕಪ್ಪಾಗಿತ್ತು.

"ಇದನ್ನ ಸ್ವಲ್ಪ ಕ್ಲೀನ್ ಮಾಡ್ಕೊಡ್ತೀರಾ ಗಡಿಯಾರದವ್ರೇ? ನನ್ ಹತ್ರ ಇರೋದೆಲ್ಲ ಒನಕೆ ಥರದ ಟೂಲ್ಸು."

ಯಾವುದರದ್ದು ಎಂದು ಅವನು ಕೇಳಿದ. ತಾತನ ಕಾರಿನದು ಎಂದಳು. ಕೇಳಬೇಕಾಗಿರಲಿಲ್ಲ, ಆ ಕಾರು ಬೀದಿಗೆಲ್ಲ ಗೊತ್ತು. ಅವಳ ತಾತ ಪುಟ್ಟ ಕಾರೊಂದರ ಛಾವಣಿ ಕತ್ತರಿಸಿ, ಬಾನೆಟ್ ಬಿಚ್ಚಿ ಬಿಸಾಕಿ, ಒಳಗೆ ಲಾರಿಗೆ ಸಾಕಾಗುವಂಥ ಎಂಜಿನ್ ತುರುಕಿದ್ದ. ಹಾಟ್ ರಾಡ್ ಅನ್ನುತ್ತಾರಲ್ಲ, ಅದು. ಅವನು ಅದನ್ನು ಬೀದಿಯಲ್ಲಿ ಓಡಿಸಿದರೆ ತಂತಿಯ ಮೇಲೆ ಒಣಹಾಕಿದ ಬಟ್ಟೆಗಳೆಲ್ಲ ಇಸ್ತ್ರಿಯಾಗಿ ಮನೆಯೊಳಗೆ ಬರುತ್ತಿದ್ದವಂತೆ. ತಾತ ಹೋದ ಮೇಲೆ ಅದು ಒಂಬತ್ತು ವರ್ಷ ತಣ್ಣಗೆ ಮಲಗಿತ್ತು. ಈಗ ಮೊಮ್ಮಗಳು ಅದನ್ನು ಎಬ್ಬಿಸಲು ಹೊರಟಿದ್ದಳು. ಉಳಿದಿದ್ದು ಆಯಿಲ್ ಫಿಲ್ಟರ್ ಜೋಡಿಸುವ ಕೆಲಸ ಮಾತ್ರ.

ಗಡಿಯಾರದವನು ಆ ತುಂಡನ್ನು ಹಕ್ಕಿಮರಿಯನ್ನು ಹಿಡಿದಂತೆ ಹಿಡಿದ. ಒಳಗೊಂದು ತೂತು, ಸೂಜಿ ಮೊನೆ ಮಾತ್ರ ತೂರುವಷ್ಟು. ಇಷ್ಟು ದಪ್ಪ ಲೋಹದಲ್ಲಿ ಇಷ್ಟು ಸಣ್ಣ ತೂತೇ? ಕೊಳೆ ಗಟ್ಟಿಯಾಗಿ ಹೀಗಾಗಿದೆ ಎಂದುಕೊಂಡ. ಗಡಿಯಾರ ಬಿಚ್ಚುವವನ ಬುದ್ಧಿಯೇ ಹಾಗೆ, ಅವನ ಲೋಕದಲ್ಲಿ ಕಿರಿದಾದ ತೂತೆಲ್ಲ ಕೊಳೆ ತುಂಬಿದ್ದೇ. ಮಧ್ಯಾಹ್ನವೆಲ್ಲ ಕೂತು ಕೂದಲೆಳೆಯಷ್ಟು ಸಣ್ಣ ಡ್ರಿಲ್ಲಿನಿಂದ ಕೊರೆದ, ಉಜ್ಜಿದ, ಪಾಲಿಶ್ ಹಾಕಿದ. ಸಂಜೆಯ ಹೊತ್ತಿಗೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ತೂತು ಎಷ್ಟು ದುಂಡಗಿತ್ತೆಂದರೆ ಚಂದ್ರನೇ ನೋಡಿ ನಾಚಬೇಕು.

ಅವಳು ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ಆಮೇಲೆ ಅವನನ್ನು ನೋಡಿದಳು. ತುಂಡನ್ನು ನೋಡಿದ್ದಕ್ಕಿಂತ ಅವನನ್ನು ನೋಡಿದ್ದೇ ಸ್ವಲ್ಪ ಹೆಚ್ಚು ಹೊತ್ತು.

"ಬನ್ನಿ, ಹಾಕೋದು ನೋಡೋರಂತೆ."

ಎಂಜಿನ್ನಿನ ಪಕ್ಕಕ್ಕೆ ಡಬ್ಬದಂಥ ಫಿಲ್ಟರನ್ನು ಬಿಗಿದಿದ್ದಳು. ಒಂದು ತೆಳು ಪೈಪು ಎಂಜಿನ್ನಿನಿಂದ ಆಯಿಲ್ ತಂದು ಅದಕ್ಕೆ ಕೊಡಬೇಕು, ಇನ್ನೊಂದು ಪೈಪು ಸೋಸಿದ ಆಯಿಲನ್ನು ಕೆಳಗಿನ ತೊಟ್ಟಿಗೆ ವಾಪಸು ಬಿಡಬೇಕು. ಮೊದಲನೇ ಪೈಪಿನ ಬಾಯಿಗೆ ಅವನ ಹಿತ್ತಾಳೆ ತುಂಡು. ಅವಳು ಬಾಗಿ ಅದನ್ನು ತಿರುಗಿಸುತ್ತಿದ್ದಾಗ ಕೂದಲೊಂದು ಕೆನ್ನೆಗೆ ಇಳಿಯಿತು. ಮಸಿ ಕೈಯಿಂದ ಮುಟ್ಟುವಂತಿಲ್ಲ. ಉಫ್ ಎಂದು ಊದಿದಳು. ಅದು ಹಾರಿ, ಮತ್ತೆ ಅಲ್ಲೇ ಬಂದು ಕೂತಿತು. ಬಿಸಿಲು ತಗಡಿನ ಸಂದಿಯಿಂದ ಇಳಿದು ಅವಳ ಮುಂಗೈ ಮೇಲಿನ ಆಯಿಲನ್ನು ಜೇನಾಗಿಸಿತ್ತು. ಗಡಿಯಾರದವನಿಗೆ ತಾನು ನಿಂತಿದ್ದೇನೆಯೋ ತೇಲುತ್ತಿದ್ದೇನೆಯೋ ತಿಳಿಯಲಿಲ್ಲ.

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅವಳ ಅಜ್ಜಿ ಕೇಳಿದರು, "ಏನಪ್ಪಾ, ಕಣ್ಣಿಗೆ ಏನಾದ್ರೂ ಬಿತ್ತಾ? ರೆಪ್ಪೇನೇ ಹೊಡೀತಿಲ್ಲ."

ಎಂಜಿನ್ ಎರಡು ಸಲ ಕೆಮ್ಮಿ, ಮೂರನೇ ಸಲ ಗುಡುಗಿತು. ಅಜ್ಜಿ ಕಣ್ಣುಮುಚ್ಚಿ ಆ ಸದ್ದಿಗೆ ಕಿವಿಗೊಟ್ಟರು. ಆಯಿಲ್ ಪ್ರೆಷರ್ ಮೀಟರಿನ ಮುಳ್ಳು ಮೇಲೇರಿ ಗಟ್ಟಿಯಾಗಿ ನಿಂತಿತು. ಆದರೆ ಆಯಿಲ್ ಬಿಸಿಯಾಗಿ ತೆಳ್ಳಗಾಗುತ್ತಿದ್ದಂತೆ ಮುಳ್ಳು ನಿದ್ದೆ ಬಂದವರ ತಲೆಯ ಹಾಗೆ ಮೆಲ್ಲಗೆ ವಾಲಿತು. ವಾಲಿ ವಾಲಿ ಕೆಳಗಿಳಿಯಿತು. ಆಯಿಲಿನ ಒತ್ತಡವಿಲ್ಲದೆ ಓಡಿದರೆ ಎಂಜಿನ್ ಒಳಗೊಳಗೇ ಉಜ್ಜಿ ಹಾಳಾಗುತ್ತದೆ. ಅವಳು ಥಟ್ಟನೆ ಆಫ್ ಮಾಡಿದಳು.

ಮೂರು ದಿನ ಕಾರಣ ಹುಡುಕಿದಳು. ಪಂಪು ಬಿಚ್ಚಿದಳು, ಸರಿಯಿತ್ತು. ಆಯಿಲ್ ಬದಲಿಸಿದಳು, ಮೀಟರ್ ಬದಲಿಸಿದಳು, ಮುಳ್ಳು ಇಳಿಯುತ್ತಲೇ ಇತ್ತು. ಕೊನೆಗೆ ಒಂದೇ ಅನುಮಾನ ಉಳಿಯಿತು, ಒಳಗಿನ ಬೇರಿಂಗ್ ಸವೆದಿರಬೇಕು. ಅವು ತಾತ ಸ್ವತಃ ಲೋಹ ಕರಗಿಸಿ ಹೊಯ್ದು, ಕೈಯಲ್ಲೇ ಕೆರೆದು ಕೂರಿಸಿದವು. ಒಮ್ಮೆ ಕಿತ್ತರೆ ಮತ್ತೆ ಹಾಗೆ ಕೂರಿಸುವ ಕೈ ಈಗ ಎಲ್ಲೂ ಇಲ್ಲ. ಕಿತ್ತರೆ ಕಾರು ಶೋಕಿಗೆ ನಿಲ್ಲಿಸುವ ಬೊಂಬೆ, ಅಷ್ಟೇ. ಕಿತ್ತುಬಿಡು ಮಗಳೇ, ಪರವಾಗಿಲ್ಲ ಎಂದು ಅಜ್ಜಿ ಹೇಳಿದರು. ಹೇಳುವಾಗ ಗೋಡೆಯ ಕಡೆ ತಿರುಗಿದ್ದರು.

ಗಡಿಯಾರದವನು ದಿನಾ ಎರಡು ಲೋಟ ಟೀ ಹಿಡಿದು ಬರುತ್ತಿದ್ದ. ಮೂರನೇ ದಿನ, ಅವಳ ಮನಸ್ಸು ಸ್ವಲ್ಪ ಹಗುರಾಗಲಿ ಎಂದು, ಫಿಲ್ಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದ. ಅವಳು ಮಸಿ ಬೆರಳಿನಿಂದ ಬೆಂಚಿನ ಮೇಲೆ ಚಿತ್ರ ಬರೆದಳು. ಹಳೇ ಎಂಜಿನ್ನಿನಲ್ಲಿ ಆಯಿಲ್ ಪೂರ್ತಿ ಫಿಲ್ಟರಿಗೆ ಹೋಗುವುದಿಲ್ಲವಂತೆ. ಹೆಚ್ಚಿನದೆಲ್ಲ ಬೇರಿಂಗಿಗೆ, ಚೂರೇ ಚೂರು ಫಿಲ್ಟರಿಗೆ. ಹಾಗೆ ಚೂರು ಚೂರಾಗಿ, ನಿಧಾನವಾಗಿ ಎಲ್ಲ ಸೋಸಿಹೋಗುತ್ತದಂತೆ.

"ಅದಕ್ಕೇ ಫಿಲ್ಟರಿಗೆ ಹೋಗೋ ಬಾಯಿ ಅಷ್ಟು ಚಿಕ್ಕದು ಇಡೋದು. ಸೂಜಿ ಮೊನೆಯಷ್ಟು. ದೊಡ್ಡದಾದ್ರೆ ಆಯಿಲೆಲ್ಲ ಆ ಕಡೆಗೇ ಓಡಿಹೋಗುತ್ತೆ."

ಗಡಿಯಾರದವನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

ತಲೆನೋವು ಎಂದು ಹೇಳಿ ಅಂಗಡಿಗೆ ಓಡಿದ. ಹಿತ್ತಾಳೆ ಕಡ್ಡಿಯೊಂದನ್ನು ಹಿಡಿದು ಹೊಸ ತುಂಡು ಮಾಡಿದ, ತೂತು ಸೂಜಿ ಮೊನೆಯಷ್ಟು. ಜೇಬಿಗೆ ಹಾಕಿಕೊಂಡು ವಾಪಸು ಬಂದಾಗ ಅವಳು ಎಂಜಿನ್ ಎತ್ತಲು ಸರಪಳಿ ಇಳಿಬಿಡುತ್ತಿದ್ದಳು. ಅಜ್ಜಿ ಒಳಗೆ ಮಲಗಲು ಹೋಗಿದ್ದರು. ಅವಳು ಕೈ ತೊಳೆಯಲು ನಲ್ಲಿಯ ಕಡೆ ಹೋದಳು.

ಎರಡೇ ನಿಮಿಷದ ಕೆಲಸ. ಹಳೆಯದನ್ನು ಬಿಚ್ಚಿ ಹೊಸದನ್ನು ತಿರುಗಿಸಿ, ಇನ್ನೊಂದ್ಸಲ ಸ್ಟಾರ್ಟ್ ಮಾಡಿ ನೋಡೋಣ ಎಂದರೆ ಸಾಕು. ಮುಳ್ಳು ನಿಲ್ಲುತ್ತದೆ, ಅವಳು ನಗುತ್ತಾಳೆ, ನಿಮ್ಮ ಕಾಲ್ಗುಣ ಎಂದರೂ ಎಂದಾಳು. ಬೀದಿಗೆಲ್ಲ ಅವನೇ ಹೀರೋ. ನಿಜ ಹೇಳಿಬಿಟ್ಟರೆ? ತಾತನ ಎಂಜಿನ್ನನ್ನು ಮುಗಿಸಲು ಹೊರಟಿದ್ದವನ ಮುಖ ಅವಳು ಇನ್ನೆಂದಾದರೂ ನೋಡುತ್ತಾಳೆಯೇ?

ಬೆಂಚಿನ ಮೇಲಿದ್ದ ಸ್ಪ್ಯಾನರ್ ಆಗಲೇ ಅವನ ಕೈಗೆ ಬಂದಿತ್ತು. ನಲ್ಲಿಯ ಸದ್ದು ನಿಂತಿತು. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ತಿರುಗಿದಳು. ಮೂರು ದಿನದ ನಿದ್ದೆಗೆಟ್ಟ ಕಣ್ಣು.

"ಬೇರಿಂಗ್ ಸವೆದಿಲ್ಲ," ಎಂದ ಅವನು. "ಆ ತೂತನ್ನ ನಾನೇ ದೊಡ್ಡದು ಮಾಡ್ದೆ. ಕೊಳೆ ಅಂದ್ಕೊಂಡೆ. ನಿಮಗೆ ಚೆನ್ನಾಗಿ ಕಾಣ್ಲಿ ಅಂತ ಪಾಲಿಶ್ ಬೇರೆ ಹಾಕ್ದೆ."

ಸರಪಳಿ ಅಲ್ಲಾಡುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಿದಳು. ಕಿವಿಯ ತುದಿಯವರೆಗೆ ಕೋಪ ಏರಿದ್ದು ಅವನಿಗೆ ಕಂಡಿತು. ಹೊಸ ತುಂಡನ್ನು ಬೆಂಚಿನ ಮೇಲಿಟ್ಟು, ಇದು ಸರಿಯಾದ ಅಳತೆ, ಹಾಕ್ಕೊಳ್ಳಿ ಎಂದು ಹೇಳಿ ಬಾಗಿಲ ಕಡೆ ನಡೆದ.

"ನಿಂತ್ಕೊಳ್ಳಿ."

ನಿಂತ.

"ನಾನು ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಒಂದು ವಾಷರ್ ಕೂಡ ಅಳತೆ ನೋಡ್ದೆ ಹಾಕಿಲ್ಲ. ನಮ್ಮಪ್ಪ ಕೊಟ್ರೂ ಅಳೀತಿದ್ದೆ." ಅವಳ ದನಿ ಇಳಿಯಿತು. "ಇದನ್ನ ಮಾತ್ರ ಅಳೀಲಿಲ್ಲ. ಎಲ್ಲಾ ಬಿಚ್ಚಿ ನೋಡ್ದೆ, ಇದನ್ನ ಮಾತ್ರ ಮುಟ್ಲಿಲ್ಲ."

"ಯಾಕೆ?"

"ನೀವು ಕೊಟ್ಟಿದ್ದಲ್ವಾ."

ಅವಳು ಹೊಸ ತುಂಡನ್ನು ಎತ್ತಿಕೊಂಡು, ಅವನ ಮುಂದೆಯೇ, ಬೇಕೆಂದೇ ಎರಡೆರಡು ಸಲ ಅಳೆದಳು. ತುಟಿಯ ಅಂಚಿನಲ್ಲಿ ಬಿಗಿಹಿಡಿದ ನಗೆಯೊಂದು ಜಾರತೊಡಗಿತ್ತು.

"ಇನ್ಮೇಲೆ ನೀವು ಏನ್ ಕೊಟ್ರೂ ಅಳೆದೇ ತಗೊಳ್ಳೋದು."

"ಅಂದ್ರೆ ಇನ್ನೂ ಕೊಡಬಹುದಾ?"

ಅವಳು ಬಾಗಿ ಹಳೆಯದನ್ನು ಬಿಚ್ಚಿ, ಹೊಸದನ್ನು ತಿರುಗಿಸಿ ಕೂರಿಸಿದಳು.

ಎಂಜಿನ್ ಗುಡುಗಿತು. ಇನ್ನು ಆಯಿಲ್ ಬಿಸಿಯಾಗುವವರೆಗೆ ಕಾಯಬೇಕು. ಪಕ್ಕದ ಸೀಟಿಗೆ ಬರಲು ಹೇಳಿ, ಮೀಟರ್ ನೋಡುವ ಕೆಲಸ ಅವನಿಗೆ ವಹಿಸಿ, ತಾನು ಕಣ್ಣುಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಾ ಕೂತಳು. ಇಡೀ ಕಾರು ದೊಡ್ಡದೊಂದು ಬೆಕ್ಕಿನ ಹಾಗೆ ಗುರುಗುಡುತ್ತಿತ್ತು. ಬೀದಿಯ ಧೂಳು ಬಿಸಿಲಿನಲ್ಲಿ ಬಂಗಾರವಾಗಿ ತೇಲುತ್ತಿತ್ತು. ನಿಮಿಷಗಳು ಹೋದವು. ಗಡಿಯಾರದವನಾಗಿಯೂ ಅವನು ಅವನ್ನು ಎಣಿಸಲಿಲ್ಲ.

"ಮುಳ್ಳು ಎಲ್ಲಿದೆ?" ಕಣ್ಣುಮುಚ್ಚಿಯೇ ಕೇಳಿದಳು.

ಅವನು ಗಾಬರಿಯಾಗಿ ಮೀಟರಿನ ಕಡೆ ತಿರುಗಿದ. ಅವಳು ಒಂದು ಕಣ್ಣು ತೆರೆದಿದ್ದಳು.

"ಇಷ್ಟೊತ್ತು ಏನ್ ನೋಡ್ತಿದ್ರಿ ಹಾಗಾದ್ರೆ?"

"ನಿಮ್ಮನ್ನ," ಎಂದ. "ಒಂದು ವರ್ಷದಿಂದ ಅದೇ ಕೆಲಸ. ಇಷ್ಟ ನಂಗೆ, ನೀವಂದ್ರೆ."

ಮುಳ್ಳು ಏರಿದ ಜಾಗದಲ್ಲೇ ನಿಂತಿತ್ತು, ಮೊಳೆ ಹೊಡೆದ ಹಾಗೆ. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು, ಮಸಿ ಬೆರಳುಗಳನ್ನು ಅವನ ಸ್ವಚ್ಛ ಬೆರಳುಗಳ ನಡುವೆ ಮೆಲ್ಲಗೆ ತೂರಿಸಿದಳು. ಒಳಗಿನಿಂದ ಅಜ್ಜಿ, ಅದು ಎಂಜಿನ್ ಸದ್ದೋ ಕನಸೋ ಎಂದು ಕೂಗಿ ಕೇಳುತ್ತಿದ್ದರು. ಅವಳು ಇನ್ನೊಂದು ಕೈಯಿಂದ ಹ್ಯಾಂಡ್‌ಬ್ರೇಕ್ ಇಳಿಸಿದಳು.

"ಎಲ್ಲಿಗೆ?" ಎಂದ ಗಡಿಯಾರದವನು.

"ಇನ್ನೂ ಚೆನ್ನಾಗಿ ಬಿಸಿಯಾಗ್ಬೇಕು ಆಯಿಲು. ತುಂಬ ದೂರ ಹೋಗ್ಬೇಕಾಗುತ್ತೆ."